ಓದು ಮುಗಿಯುವವರೆಗೆ ಕಾಯಬೇಕಾದ ಕೆಲಸವಲ್ಲ ಪ್ರೇಷಿತಕಾರ್ಯ

ಕಥೋಲಿಕ ವಿದ್ಯಾರ್ಥಿಗಳ ನಡುವೆ ಮಿಷನರಿ ಮೌಲ್ಯಗಳ ಪ್ರಸ್ತಾಪ ಬಂದಾಗಲೆಲ್ಲ ಮಾತು ಎರಡು ದಿಕ್ಕಿಗೆ ಹರಿದುಹೋಗುವುದನ್ನು ಗಮನಿಸುತ್ತ ಬಂದಿದ್ದೇನೆ. ಅದು ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಸೇರಿದ ಕೆಲಸ, ನಮ್ಮ ಪಾಲಿಗೆ ಅಕ್ಟೋಬರ್ ತಿಂಗಳ ಮಿಷನ್ ಭಾನುವಾರದಂದು ಕಾಣಿಕೆ ಹಾಕಿದರೆ ಸಾಕು ಎಂಬ ನಿರಾಳ ಒಂದು ಕಡೆ. ರಜೆಯಲ್ಲೊಂದು ಸೇವಾ ಶಿಬಿರ, ನಾಲ್ಕು ಫೋಟೋ, ಕೊನೆಗೊಂದು ಪ್ರಮಾಣಪತ್ರ ಎಂಬ ಉತ್ಸಾಹ ಇನ್ನೊಂದು ಕಡೆ. ಎರಡರಲ್ಲೂ ಓದು ಮಾತ್ರ ಹೊರಗೇ ಉಳಿಯುತ್ತದೆ. ದಿನದ ಬಹುಪಾಲನ್ನು ಯಾವ ಕೆಲಸಕ್ಕೆ ಕೊಡುತ್ತೇವೋ ಅದಕ್ಕೂ ನಮ್ಮ ವಿಶ್ವಾಸಕ್ಕೂ ಸಂಬಂಧವೇ ಇಲ್ಲವೆನ್ನುವ ಈ ಏರ್ಪಾಡನ್ನು ನಾನು ಒಪ್ಪಲಾರೆ. ವಿದ್ಯಾರ್ಥಿಯ ಪ್ರೇಷಿತಕಾರ್ಯ, ಅಂದರೆ ಮಿಷನ್, ಮೊದಲು ನಡೆಯಬೇಕಾದದ್ದು ಅವನ ಓದಿನೊಳಗೆ, ಅವನ ಜೊತೆ ಓದುವವರ ನಡುವೆ.

ಮಿಷನರಿ ಎಂದೊಡನೆ ನೆನಪಾಗುವ ಸಂತ ಫ್ರಾನ್ಸಿಸ್ ಜೇವಿಯರ್ ಅವರ ಬದುಕನ್ನೇ ನೋಡಿ. ಅವರು ಭಾರತಕ್ಕೆ ಹಡಗು ಹತ್ತಿದ ಕಥೆ ಎಲ್ಲರಿಗೂ ಗೊತ್ತು. ಪ್ಯಾರಿಸ್ ವಿಶ್ವವಿದ್ಯಾಲಯದ ಸೇಂಟ್ ಬಾರ್ಬ್ ಕಾಲೇಜಿನ ಕೋಣೆಯ ಕಥೆಯನ್ನು ಹೇಳುವವರು ಕಡಿಮೆ. ಆ ಕೋಣೆಯಲ್ಲಿ ಅವರೊಡನೆ ಪೀಟರ್ ಫೇಬರ್ ಇದ್ದರು. 1529ರಲ್ಲಿ ಅಲ್ಲಿಗೆ ಬಂದು ಸೇರಿಕೊಂಡವರು ಇವರಿಬ್ಬರಿಗಿಂತ ಸುಮಾರು ಹದಿನೈದು ವರ್ಷ ಹಿರಿಯರಾದ, ಮುಂದೆ ಯೇಸುಸಭೆ ಎಂಬ ಗುರುಗಳ ಸಂಘವನ್ನು ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲ. ಫೇಬರ್ ಈ ಹಿರಿಯ ಸಹಪಾಠಿಗೆ ತತ್ವಶಾಸ್ತ್ರದ ಪಾಠ ಹೇಳಿಕೊಟ್ಟರು, ಪ್ರತಿಯಾಗಿ ಪ್ರಾರ್ಥನೆಯ ದಾರಿಯನ್ನು ಅವರಿಂದ ಕಲಿತರು. ಸ್ಥಾನಮಾನದ ಕನಸು ಹೊತ್ತಿದ್ದ ಜೇವಿಯರ್ ಮಾತ್ರ ಬಹುಕಾಲ ಮಣಿಯಲಿಲ್ಲ. ಕಡೆಗೆ 1534ರ ಆಗಸ್ಟ್ 15ರಂದು ಮೊಂಮಾರ್ತ್ರ್ ಗುಡ್ಡದಲ್ಲಿ ಏಳು ಮಂದಿ ಒಟ್ಟಾಗಿ ವ್ರತ ಕೈಗೊಂಡಾಗ ಈ ಮೂವರೂ ಅವರಲ್ಲಿದ್ದರು. ಜೇವಿಯರ್ ಅವರನ್ನು ಗೆದ್ದದ್ದು ಯಾವುದೋ ಮಹಾಪ್ರವಚನವಲ್ಲ. ಒಂದೇ ಸೂರಿನ ಕೆಳಗೆ ವರ್ಷಗಟ್ಟಲೆ ನಡೆದ ಸಹವಾಸ, ಚರ್ಚೆ, ತಾಳ್ಮೆ. ಮುಂದೆ 1544ರಲ್ಲಿ ಯೂರೋಪಿನ ತಮ್ಮ ಸಂಗಾತಿಗಳಿಗೆ ಬರೆದ ಪತ್ರದಲ್ಲಿ ಜೇವಿಯರ್, ಅಲ್ಲಿನ ವಿಶ್ವವಿದ್ಯಾಲಯಗಳಿಗೆ, ಅದರಲ್ಲೂ ಪ್ಯಾರಿಸಿಗೆ ಹೋಗಿ, ಪ್ರೀತಿಗಿಂತ ಪಾಂಡಿತ್ಯವನ್ನೇ ಹೆಚ್ಚಾಗಿ ಗಳಿಸಿಕೊಂಡವರ ಮುಂದೆ ಹುಚ್ಚನಂತೆ ಕೂಗಿ ಹೇಳಬೇಕೆನಿಸುತ್ತದೆ ಎಂದು ಬರೆದರು. ಆ ಮಾತನ್ನು ಓದನ್ನು ತುಚ್ಛೀಕರಿಸುವ ಮಾತೆಂದು ಉಲ್ಲೇಖಿಸುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಕಲಿತದ್ದು ಯಾರಿಗಾಗಿ ಎಂಬ ಲೆಕ್ಕವನ್ನು ಅವರು ಕೇಳುತ್ತಿದ್ದಾರೆ, ಅಷ್ಟೇ.

ಇಗ್ನೇಷಿಯಸ್ ಅವರಂತೂ ಈ ವಿಷಯದಲ್ಲಿ ಬಹಳ ನೇರ. ಓದುತ್ತಿರುವ ಯೇಸುಸಭೆಯ ತರುಣ ಸದಸ್ಯರು ದೀರ್ಘ ಧ್ಯಾನಗಳಲ್ಲಿ ತೊಡಗಬೇಕೆಂದು ಅವರು ಬಯಸಲಿಲ್ಲ. ಓದಿನ ಗುರಿ ಅದಕ್ಕೆ ಅವಕಾಶ ಕೊಡುವುದಿಲ್ಲವೆಂದೂ, ಮಾತಾಡುವಾಗ, ನಡೆಯುವಾಗ, ಕೇಳುವಾಗ, ಅರ್ಥಮಾಡಿಕೊಳ್ಳುವಾಗ, ಹೀಗೆ ಮಾಡುವ ಎಲ್ಲದರಲ್ಲೂ ದೇವರನ್ನು ಅರಸುವ ಅಭ್ಯಾಸ ಅವರಿಗೆ ಸಾಕೆಂದೂ 1551ರಲ್ಲಿ ಇಗ್ನೇಷಿಯಸ್ ಅವರ ಪರವಾಗಿ ಬರೆದ ಪತ್ರವೊಂದು ಹೇಳುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಭಕ್ತಿಯ ನೆಪದಲ್ಲಿ ಪುಸ್ತಕ ಮುಚ್ಚುವವರು ಇದನ್ನು ಓದಿಕೊಳ್ಳುವುದು ಒಳ್ಳೆಯದು. ಹಾಗೆಯೇ, ಬಲಿಪೂಜೆ ತಪ್ಪಿಸದೆ, ಪರರ ಪ್ರಬಂಧವನ್ನು ನಕಲು ಮಾಡಿ ಅಥವಾ ಯಂತ್ರದಿಂದ ಬರೆಸಿ ತನ್ನ ಹೆಸರಿನಲ್ಲಿ ಒಪ್ಪಿಸುವ ವಿದ್ಯಾರ್ಥಿ, ಯಾವ ಶಿಬಿರಕ್ಕೆ ಹೋಗಿ ಯಾವ ಮೌಲ್ಯದ ಸಾಕ್ಷಿ ನುಡಿದಾನು? ತರಗತಿಯಲ್ಲಿ ಹಿಂದೆ ಬಿದ್ದವನಿಗೆ ತನ್ನ ಟಿಪ್ಪಣಿಗಳನ್ನು ಬಚ್ಚಿಡದೆ ಕೊಡುವುದು, ಗುಂಪು ಯಾರನ್ನು ಗೇಲಿ ಮಾಡುತ್ತದೋ ಅವರ ಪಕ್ಕದಲ್ಲಿ ಹೋಗಿ ಕೂರುವುದು, ಒಪ್ಪಿಕೊಂಡ ಕೆಲಸವನ್ನು ಹೇಳಿದ ದಿನಕ್ಕೆ ಮುಗಿಸುವುದು: ಇವು ಸಣ್ಣವೆನಿಸಬಹುದು, ಆದರೆ ಫೋಟೋಕ್ಕೆ ಸಿಗದ ಇಂಥವುಗಳಲ್ಲೇ ನನಗೆ ಹೆಚ್ಚು ನಂಬಿಕೆ.

ಇನ್ನು ಇಟಲಿಯ ವಿದ್ಯಾರ್ಥಿ ಪಿಯೆರ್ ಜಾರ್ಜಿಯೊ ಫ್ರಸಾತಿ. 2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೆಯ ಲಿಯೋ ಇವರನ್ನು ಸಂತರೆಂದು ಘೋಷಿಸಿದರು. ಟ್ಯೂರಿನ್‌ನ ಪಾಲಿಟೆಕ್ನಿಕ್‌ನಲ್ಲಿ ಗಣಿ ಎಂಜಿನಿಯರಿಂಗ್ ಓದುತ್ತಿದ್ದ ಫ್ರಸಾತಿ ಆ ವಿಷಯವನ್ನು ಆರಿಸಿಕೊಂಡದ್ದೇ ಗಣಿ ಕಾರ್ಮಿಕರ ನಡುವೆ ಕೆಲಸ ಮಾಡಬೇಕೆಂಬ ಬಯಕೆಯಿಂದ. ಓದು ಅವರಿಗೆ ಸುಲಭವಾಗಿ ಒಲಿದದ್ದಲ್ಲ ಎಂಬುದು ನಮ್ಮಂಥವರಿಗೆ ಸಮಾಧಾನದ ಸಂಗತಿ. ಸಂತ ವಿನ್ಸೆಂಟ್ ದಿ ಪಾಲ್ ಸಭೆಯ ಸದಸ್ಯರಾಗಿ ಬಡವರ ಮನೆಗಳಿಗೆ ಹೋಗಿಬರುತ್ತಿದ್ದ ಅವರು ಪದವಿ ಮುಗಿಸುವ ಮುನ್ನವೇ, 1925ರ ಜುಲೈ 4ರಂದು, ಪೋಲಿಯೊದಿಂದ ತೀರಿಕೊಂಡರು. ಶವಯಾತ್ರೆಗೆ ನೆರೆದ ಬಡವರನ್ನು ಕಂಡಾಗಲೇ ಮಗನ ಬದುಕಿನ ಈ ಭಾಗ ಎಷ್ಟು ದೊಡ್ಡದೆಂದು ಅವರ ಸಿರಿವಂತ ಮನೆಯವರಿಗೆ ಅರಿವಾದದ್ದು. ಆ ಸಭೆಯನ್ನು 1833ರಲ್ಲಿ ಗೆಳೆಯರೊಂದಿಗೆ ಆರಂಭಿಸಿದ ಫ್ರೆಡೆರಿಕ್ ಓಜನಾಂ ಕೂಡ ಆಗ ಇಪ್ಪತ್ತು ವರ್ಷದ ವಿದ್ಯಾರ್ಥಿ.

ಮಿಷನ್ ಎಂದರೆ ಮತಾಂತರ ತಾನೆ ಎಂದು ಅನ್ಯಧರ್ಮದ ಗೆಳೆಯರು ಕೇಳುವುದುಂಟು. ಕೇಳುವುದರಲ್ಲಿ ತಪ್ಪಿಲ್ಲ, ಮತ್ತು ನಾವು ನುಣುಚಿಕೊಳ್ಳಬಾರದು. ಶುಭಸಂದೇಶವನ್ನು ಹಂಚಿಕೊಳ್ಳುವ ಕರೆ ದೀಕ್ಷಾಸ್ನಾನ ಪಡೆದ ಎಲ್ಲರಿಗೂ ಇದೆ. ಅದನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ಆದರೆ ಕಥೋಲಿಕ ಧರ್ಮಾಧ್ಯಕ್ಷರು ಸೇರಿದ್ದ ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ, ವಿಶ್ವಾಸವನ್ನು ಸಾರುವಾಗ ಬಲವಂತದ ಅಥವಾ ಅಪ್ರಾಮಾಣಿಕ ಮನವೊಲಿಕೆಯ ಛಾಯೆಯೂ ಇರಕೂಡದು, ಬಡವರ ಮತ್ತು ಅಕ್ಷರ ಬಾರದವರ ವಿಷಯದಲ್ಲಂತೂ ಖಂಡಿತ ಕೂಡದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಪೇತ್ರನ ಮೊದಲ ಪತ್ರವೂ ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ವಿನಯದಿಂದಲೂ ಗೌರವದಿಂದಲೂ ಕೊಡಿ ಎನ್ನುತ್ತದೆ. ಕೇಳುವವರು ಇರಬೇಕಾದರೆ ಮೊದಲು ಕೇಳಬೇಕೆನಿಸುವಂಥ ಬದುಕೊಂದು ಇರಬೇಕಲ್ಲವೇ? ಗೆಳೆತನವನ್ನೇ ಬಲೆಯಾಗಿಸಿಕೊಂಡವನಿಗೆ ಈ ವಾಕ್ಯ ಅನ್ವಯಿಸುವುದೇ ಇಲ್ಲ.

ಇಷ್ಟೆಲ್ಲ ನೆಲೆನಿಲ್ಲಬೇಕಾದರೆ ವಿಶ್ವಾಸದ ಅವಲೋಕನ ಬೇಕು. ಇಲ್ಲಿ ನನಗೊಂದು ತಕರಾರಿದೆ. ಸೇವಾ ಕಾರ್ಯಕ್ರಮದ ಮರುದಿನವೇ ವಿದ್ಯಾರ್ಥಿಗಳಿಂದ ಅವಲೋಕನದ ಬರಹ ಬರೆಸಿಕೊಂಡು ಅದಕ್ಕೆ ಅಂಕ ಕೊಡುವ ಪದ್ಧತಿ ಕೆಲವು ಕಡೆ ನಡೆಯುತ್ತಿದೆ. ಅಂಕ ಸಿಗುತ್ತದೆಂದು ಗೊತ್ತಿದ್ದರೆ ಎಲ್ಲರ ಕಣ್ಣೂ ತೇವವಾಗುತ್ತದೆ, ಎಲ್ಲರ ಬದುಕೂ ಒಂದೇ ಮಧ್ಯಾಹ್ನದಲ್ಲಿ ಬದಲಾಗಿಬಿಡುತ್ತದೆ. ಇಗ್ನೇಷಿಯಸ್ ಕಲಿಸಿದ ಆತ್ಮಶೋಧನೆ ಇದಕ್ಕೆ ತೀರ ಬೇರೆಯ ಜಾತಿಯದು. ಮೊದಲು ಕೃತಜ್ಞತೆ, ಬಳಿಕ ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆಗಂಟೆಯಾಗಿ ನೋಡುವುದು, ಕ್ಷಮೆ ಕೇಳುವುದು, ನಾಳೆಗೊಂದು ನಿರ್ಧಾರ. ಓದುತ್ತಿರುವವರು ಇದನ್ನು ದಿನಕ್ಕೆರಡು ಬಾರಿ ಮಾಡಬೇಕೆಂದು ಅವರು ನಿಯಮ ಮಾಡಿದ್ದರು. ಅದರಲ್ಲಿ ಮೆಚ್ಚುಗೆಗೆ ಜಾಗವಿಲ್ಲ, ಓದುಗನೂ ಇಲ್ಲ. ಇಂದು ಯಾರ ಮಾತನ್ನು ಅರ್ಧಕ್ಕೆ ಕತ್ತರಿಸಿದೆ, ಯಾವ ಪುಟವನ್ನು ಓದದೆಯೇ ಓದಿದೆನೆಂದು ಹೇಳಿದೆ, ಯಾರ ಮುಂದೆ ಪ್ರಾರ್ಥನೆ ಮಾಡಲು ನಾಚಿದೆ ಎಂಬಂಥ ಪ್ರಶ್ನೆಗಳಿಗೆ ದೇವರ ಎದುರು ಉತ್ತರಿಸುವಾಗ ಶೈಲಿ ಉಪಯೋಗಕ್ಕೆ ಬರುವುದಿಲ್ಲ.

ಆದ್ದರಿಂದ ಕಥೋಲಿಕ ವಿದ್ಯಾಸಂಸ್ಥೆಗಳನ್ನು ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟು: ಆ ಬರಹಗಳನ್ನು ಸಂಗ್ರಹಿಸುವುದನ್ನು ನಿಲ್ಲಿಸಿ, ಅದೇ ಸಮಯವನ್ನು ದಿನದ ಕೊನೆಯಲ್ಲಿ ಹತ್ತು ನಿಮಿಷದ ಮೌನಕ್ಕೆ ಕೊಡಿ. ಕಥೋಲಿಕರಲ್ಲದ ವಿದ್ಯಾರ್ಥಿಗಳೂ ತಮ್ಮದೇ ರೀತಿಯಲ್ಲಿ, ಬಯಸಿದರೆ ಮಾತ್ರ, ಅದರಲ್ಲಿ ಪಾಲ್ಗೊಳ್ಳಲಿ. ಯಾರು ಏನು ಯೋಚಿಸಿದರೆಂದು ಯಾರೂ ವಿಚಾರಿಸದಿರಲಿ.