ಗೇಟಿನಲ್ಲಿ ಗೊತ್ತಾಗಬಾರದು

ಇವತ್ತು ಬೆಳಗ್ಗೆ ಒಂಬತ್ತೂವರೆಗೆ ಹೊರವರ್ತುಲ ರಸ್ತೆಯ ಒಂದು ಟೆಕ್ ಪಾರ್ಕ್ ಗೇಟಿನಲ್ಲಿ ಕಂಡದ್ದು. ಒಬ್ಬರು ಹೆಣ್ಣುಮಗಳು, ಮೂವತ್ತೈದರ ಆಸುಪಾಸು, ಐಡಿ ಕಾರ್ಡನ್ನು ರೀಡರ್‌ಗೆ ಹಿಡಿದರು. ಕೆಂಪು ದೀಪ. ಕಾರ್ಡನ್ನು ದುಪಟ್ಟಾದ ಅಂಚಿನಲ್ಲಿ ಒರೆಸಿ ಮತ್ತೆ ಹಿಡಿದರು. ಮತ್ತೂ ಕೆಂಪು. ಹಿಂದೆ ಸಾಲು ಬೆಳೆಯುತ್ತಿತ್ತು. ಸೆಕ್ಯುರಿಟಿಯವರು ಕೈಯಲ್ಲಿದ್ದ ಪ್ರಿಂಟೌಟ್ ಮೇಲೆ ಬೆರಳಾಡಿಸಿ, ತಲೆ ಎತ್ತದೆ, "ಮೇಡಂ, ನಿಮ್ ಹೆಸರು ಈ ಲಿಸ್ಟಲ್ಲಿದೆ. ಒಳಗೆ ಬಿಡೋ ಹಾಗಿಲ್ಲ. ಎಚ್‌ಆರ್‌ಗೆ ಫೋನ್ ಮಾಡಿ" ಅಂದರು. ಆಕೆಗೆ ಕೆಲಸ ಹೋದ ಸುದ್ದಿ ತಲುಪಿದ್ದು ಹೀಗೆ.

ನಾನಿರೋದೂ ಎಚ್‌ಆರ್‌ನಲ್ಲೇ, ಅಂದರೆ ಕಂಪನಿಯ ಸಿಬ್ಬಂದಿ ವಿಭಾಗದಲ್ಲೇ. ಹಾಗಾಗಿ ಆ ಲಿಸ್ಟ್ ಹೇಗೆ ತಯಾರಾಗುತ್ತೆ ಅನ್ನೋದನ್ನ ಯಾರೂ ನನಗೆ ಹೇಳಿಕೊಡಬೇಕಿಲ್ಲ. ಗೇಟಿಗೆ ಬರುವ ಮೊದಲು ಅದು ಎಚ್‌ಆರ್, ಫೈನಾನ್ಸ್, ಐಟಿ, ಅಡ್ಮಿನ್ ಇಷ್ಟೂ ಕಡೆ ಹಾದು ಬಂದಿರುತ್ತೆ. ಅಷ್ಟು ಜನಕ್ಕೆ ಗೊತ್ತಿದ್ದದ್ದನ್ನು ಕೊನೆಗೆ ಆಕೆಗೆ ಹೇಳಬೇಕಾಗಿ ಬಂದದ್ದು, ಆಕೆ ಏನು ಕೆಲಸ ಮಾಡುತ್ತಿದ್ದರು ಅಂತಲೂ ಗೊತ್ತಿಲ್ಲದ, ಏಜೆನ್ಸಿ ಮೂಲಕ ಬಂದು ಹನ್ನೆರಡು ಗಂಟೆ ಶಿಫ್ಟ್ ನಿಲ್ಲುವ ಆ ಮನುಷ್ಯ. ನನಗೆ ಸಿಟ್ಟು ಬಂದದ್ದು ಅದಕ್ಕೆ. ಕಂಪನಿಗೆ ಕಷ್ಟ ಬರಬಹುದು, ಜನರನ್ನು ತೆಗೆಯಬೇಕಾಗಿ ಬರಬಹುದು, ಅದರ ಮೇಲೆ ಇವತ್ತು ನನ್ನ ತಕರಾರಿಲ್ಲ. ಸುದ್ದಿಯನ್ನು ಅವರ ಕೆಲಸ ಗೊತ್ತಿರುವ ಮ್ಯಾನೇಜರ್, ಎದುರು ಕೂತು, ತನ್ನ ಬಾಯಿಂದ ಹೇಳಬೇಕು. ಗೇಟು ಹೇಳಬಾರದು, ಲಾಗಿನ್ ಆಗದ ಲ್ಯಾಪ್‌ಟಾಪ್ ಹೇಳಬಾರದು.

ಹೇಳುವುದು ಕಷ್ಟ ಅಂತ ತಪ್ಪಿಸಿಕೊಳ್ಳುವವರಿಗೆ ಒಂದು ವಿಷಯ. ಕ್ಯಾನ್ಸರ್ ವೈದ್ಯರು ಇದಕ್ಕಿಂತ ಕೆಟ್ಟ ಸುದ್ದಿಯನ್ನು ದಿನಾ ಹೇಳುತ್ತಾರೆ, ಅದನ್ನು ಕಲಿತು ಹೇಳುತ್ತಾರೆ. 2000ನೇ ಇಸವಿಯಲ್ಲಿ ಬೇಲ್, ಬಕ್‌ಮನ್ ಮತ್ತು ಜೊತೆಗಾರರು ಬರೆದಿಟ್ಟ 'ಸ್ಪೈಕ್ಸ್' ಅನ್ನೋ ಆರು ಹಂತದ ಕ್ರಮ ಅವರಲ್ಲಿ ಬಳಕೆಯಲ್ಲಿದೆ. ಜಾಗ ಸರಿಮಾಡಿಕೊಳ್ಳೋದು, ಎದುರಿಗಿದ್ದವರಿಗೆ ಎಷ್ಟು ಗೊತ್ತು ಅಂತ ತಿಳಿದುಕೊಳ್ಳೋದು, ಎಷ್ಟು ಕೇಳಲು ಸಿದ್ಧರಿದ್ದಾರೆ ಅಂತ ನೋಡೋದು, ಸುದ್ದಿ ಹೇಳೋದು, ಅವರ ದುಃಖಕ್ಕೆ ಜಾಗ ಕೊಡೋದು, ಮುಂದೇನು ಅಂತ ಹೇಳೋದು. ನಮ್ಮ ಮ್ಯಾನೇಜರ್‌ಗಳಿಗೆ ಅಪ್ರೈಸಲ್ (ವರ್ಷದ ಕೆಲಸದ ಮೌಲ್ಯಮಾಪನ) ಮಾಡೋದಕ್ಕೆ ಎರಡು ದಿನದ ಟ್ರೈನಿಂಗ್ ಕೊಡ್ತೀವಿ. ಇದಕ್ಕೆ ಅರ್ಧ ಗಂಟೆಯೂ ಇಲ್ಲ.

ಕೋಣೆಯಿಂದಲೇ ಶುರುಮಾಡೋಣ. ಫ್ಲೋರ್ ಮಧ್ಯದ ಗಾಜಿನ ಮೀಟಿಂಗ್ ರೂಮ್ ಬೇಡವೇ ಬೇಡ. ಅಲ್ಲಿ ಕೂತು ಅತ್ತವರನ್ನು ಇಡೀ ಫ್ಲೋರ್ ನೋಡುತ್ತೆ. ಲಿಫ್ಟ್ ಹತ್ತಿರದ, ಬಾಗಿಲು ಮುಚ್ಚುವ ಕೋಣೆ ನೋಡಿ. ಬಾಗಿಲ ಪಕ್ಕದ ಕುರ್ಚಿ ಅವರಿಗೆ ಬಿಡಿ, ಎದ್ದು ಹೋಗಬೇಕು ಅನ್ನಿಸಿದರೆ ಯಾರನ್ನೂ ದಾಟಿ ಹೋಗುವಂತಿರಬಾರದು. ನೀರು ಇರಲಿ. ಈಚೆ ಕಡೆ ಇಬ್ಬರು ಸಾಕು, ಮ್ಯಾನೇಜರ್ ಮತ್ತು ಎಚ್‌ಆರ್. ಮೂರನೆಯವರು ಬಂದು ಕೂತರೆ ಅದು ವಿಚಾರಣೆ ಥರ ಕಾಣುತ್ತೆ. ಮನೆಯಿಂದ ಕೆಲಸ ಮಾಡುವವರಾದರೆ ವಿಡಿಯೊ ಕಾಲ್, ಆದರೆ ಒಬ್ಬೊಬ್ಬರಿಗೇ, ಕ್ಯಾಮೆರಾ ಆನ್ ಇಟ್ಟು. 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಟರ್ ಡಾಟ್ ಕಾಮ್ ಮುಖ್ಯಸ್ಥ ಒಂದೇ ಝೂಮ್ ಕಾಲ್‌ನಲ್ಲಿ ಸುಮಾರು 900 ಜನರಿಗೆ ಹೇಳಿ ಮುಗಿಸಿದ್ದು ಜಗತ್ತೇ ನೋಡಿತು. 2022ರ ಮಾರ್ಚ್ 17ರಂದು ಬ್ರಿಟನ್ನಿನ ಪಿ ಆಂಡ್ ಒ ಫೆರೀಸ್ ಕಂಪನಿ ಸುಮಾರು 800 ಹಡಗು ನೌಕರರಿಗೆ ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೊ ತೋರಿಸಿತು. ರೆಕಾರ್ಡಿಂಗ್‌ಗೆ ಪ್ರಶ್ನೆ ಕೇಳೋದಕ್ಕೆ ಆಗುತ್ತಾ? ಆ ಕಂಪನಿಯ ಮುಖ್ಯಸ್ಥರು ಒಂದು ವಾರದೊಳಗೆ ಸಂಸದರ ಮುಂದೆ ಕೂತು, ಕಾನೂನಿನ ಪ್ರಕಾರ ಯೂನಿಯನ್ ಜೊತೆ ಮಾತಾಡಬೇಕಿತ್ತು, ಮಾತಾಡದೇ ಇರಲು ನಾವೇ ತೀರ್ಮಾನಿಸಿದೆವು ಅಂತ ಒಪ್ಪಿಕೊಂಡರು.

ದಿನ, ಹೊತ್ತು ಕೂಡ ಮುಖ್ಯ. ಶುಕ್ರವಾರ ಸಂಜೆ ಹೇಳೋದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಗಲಾಟೆ ಆಗಲ್ಲ, ಸೋಮವಾರದ ಹೊತ್ತಿಗೆ ತಣ್ಣಗಾಗಿರುತ್ತೆ ಅನ್ನೋದು ಲೆಕ್ಕ. ಆ ಎರಡು ದಿನ ಅವರು ಯಾರಿಗೆ ಫೋನ್ ಮಾಡಬೇಕು? ಎಚ್‌ಆರ್ ಇರಲ್ಲ, ಇನ್ಶೂರೆನ್ಸ್ ಡೆಸ್ಕ್ ಇರಲ್ಲ, ಹೋಮ್ ಲೋನ್ ಕೊಟ್ಟ ಬ್ಯಾಂಕಿನವರೂ ಸಿಗಲ್ಲ. ಮಂಗಳವಾರವೋ ಬುಧವಾರವೋ, ಬೆಳಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಹೇಳಿ. ಹಿಂದಿನ ದಿನ ಫೈಲ್ ತೆಗೆದು ನೋಡಿ. ಹುಟ್ಟಿದ ದಿನವಾ, ಮನೆಯಲ್ಲಿ ಯಾರಿಗಾದರೂ ಆಪರೇಷನ್ ಇದೆಯಾ, ಹೆರಿಗೆ ರಜೆಯಲ್ಲಿದ್ದಾರಾ. ಹೆರಿಗೆ ರಜೆಯಲ್ಲಿರುವವರನ್ನು ಕೆಲಸದಿಂದ ತೆಗೆಯೋದಕ್ಕೆ ಕಾನೂನಿನ ತಡೆಯೇ ಇದೆ. ಮತ್ತೆ ಆ ಕ್ಯಾಲೆಂಡರ್ ಇನ್ವೈಟ್‌ಗೆ "ಕ್ವಿಕ್ ಸಿಂಕ್" (ಚುಟುಕು ಮಾತುಕತೆ) ಅಂತ ಹೆಸರಿಡಬೇಡಿ. ಒಮ್ಮೆ ಹಾಗಾದರೆ ಉಳಿದವರಿಗೆಲ್ಲ ವರ್ಷಗಟ್ಟಲೆ ಆ ಎರಡು ಪದ ಕಂಡರೆ ಎದೆ ಹೊಡೆದುಕೊಳ್ಳುತ್ತೆ. "ನಿಮ್ಮ ಹುದ್ದೆಯ ವಿಷಯ, ಅರ್ಧ ಗಂಟೆ" ಅಂತ ಇಡಿ, ಹದಿನೈದು ನಿಮಿಷ ಮುಂಚೆ ಕಳಿಸಿ.

ಈಗ ಮಾತು. ಮೊದಲ ಅರ್ಧ ನಿಮಿಷದಲ್ಲಿ ವಿಷಯ ಬಂದುಬಿಡಬೇಕು. ಟ್ರಾಫಿಕ್, ಮಳೆ, ಮಕ್ಕಳ ಸ್ಕೂಲು ಅಂತ ಪೀಠಿಕೆ ಹಾಕಬೇಡಿ. ಆಮೇಲೆ ಅವರು ಆ ನಗುವನ್ನೆಲ್ಲ ನೆನೆಸಿಕೊಂಡು ಇನ್ನೂ ನೊಂದುಕೊಳ್ಳುತ್ತಾರೆ. "ಒಂದು ಕೆಟ್ಟ ಸುದ್ದಿ ಹೇಳಬೇಕಾಗಿದೆ. ನಿಮ್ಮ ಹುದ್ದೆಯನ್ನು ಕಂಪನಿ ತೆಗೆದುಹಾಕಿದೆ. ನಿಮ್ಮ ಕೊನೆಯ ದಿನ ಈ ತಿಂಗಳ 30. ಈ ತೀರ್ಮಾನ ಬದಲಾಗುವುದಿಲ್ಲ." ಇಷ್ಟೇ. ಹಿಂದಿನ ದಿನ ಇದನ್ನು ನಾಲ್ಕು ಸಲ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ, ಇಲ್ಲದಿದ್ದರೆ ನಾಲಿಗೆ ತೊದಲಿ "ನೋಡೋಣ", "ಬಹುಶಃ" ಅಂತ ಸೇರಿಕೊಳ್ಳುತ್ತೆ. ಆ ಒಂದು "ಬಹುಶಃ" ಹಿಡಿದುಕೊಂಡು ಅವರು ವಾರಗಟ್ಟಲೆ ಕಾಯುತ್ತಾರೆ. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಮೌನ ತಡೆಯಲಾರದೆ ನಮ್ಮವರು ಮಾತು ತುಂಬಿಸುತ್ತಾರೆ. "ನನಗೂ ರಾತ್ರಿ ನಿದ್ದೆ ಬಂದಿಲ್ಲ", "ಇದೂ ಒಳ್ಳೇದಕ್ಕೇ ಅಂದ್ಕೊಳ್ಳಿ", "ನಾವೆಲ್ಲ ಒಂದೇ ಫ್ಯಾಮಿಲಿ". ಕೆಲಸ ಕಳೆದುಕೊಂಡವರು ನಿಮಗೆ ಸಮಾಧಾನ ಹೇಳಬೇಕಾ?

ಕಾರಣ ಕೇಳೇ ಕೇಳುತ್ತಾರೆ. ಒಂದೇ ಕಾರಣ ಹೇಳಿ, ನಿಜವಾದದ್ದು ಹೇಳಿ. ಪ್ರಾಜೆಕ್ಟ್ ನಿಂತಿದ್ದರೆ ಪ್ರಾಜೆಕ್ಟ್ ನಿಂತಿದೆ ಅನ್ನಿ. ಏಪ್ರಿಲ್‌ನಲ್ಲಿ ಒಳ್ಳೆಯ ರೇಟಿಂಗ್ ಕೊಟ್ಟು, ಜೂನ್‌ನಲ್ಲಿ "ಪರ್ಫಾರ್ಮೆನ್ಸ್ ಸಾಲದು" ಅನ್ನೋದು ಸುಳ್ಳು. ಅದು ಲೇಬರ್ ಆಫೀಸಿನಲ್ಲೂ ನಿಲ್ಲಲ್ಲ, ಅವರ ಮನಸ್ಸಿನಿಂದ ಮಾತ್ರ ಹೋಗಲ್ಲ.

ಇನ್ನೊಂದು ಅನ್ಯಾಯ ಇದೆ, ಇದನ್ನು ಬರೆಯುವಾಗ ಕೈ ಬಿಗಿಯಾಗುತ್ತೆ. ಅದೇ ಕೋಣೆಯಲ್ಲಿ ಖಾಲಿ ಹಾಳೆ ಮುಂದಿಟ್ಟು ರಾಜೀನಾಮೆ ಬರೆಸಿಕೊಳ್ಳೋದು. "ನೀವೇ ಬರೆದುಕೊಟ್ಟರೆ ರಿಲೀವಿಂಗ್ ಲೆಟರ್ ಕ್ಲೀನ್ ಆಗಿರುತ್ತೆ" ಅಂತ ಹೇಳಿ. ಬರೆದುಕೊಟ್ಟರೆ ಅದು ಕಾಗದದ ಮೇಲೆ ಕಂಪನಿ ತೆಗೆದದ್ದಲ್ಲ, ಅವರೇ ಬಿಟ್ಟದ್ದು. ಆಗ ಏನು ಕಳೆದುಕೊಳ್ಳುತ್ತಾರೆ ನೋಡಿ. ಕಾನೂನಿನ ಪ್ರಕಾರ ಕಾರ್ಮಿಕ ಅನ್ನಿಸಿಕೊಂಡು ಒಂದು ವರ್ಷ ಸತತ ಸೇವೆ ಮಾಡಿದವರಿಗೆ, ಕಾರಣ ಬರೆದ ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ, ಮೇಲೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ಹಕ್ಕನ್ನು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಉಳಿಸಿಕೊಂಡಿದೆ. ಒಂದು ಸಹಿಯಲ್ಲಿ ಅದು ಹೋಗುತ್ತೆ. ಅವತ್ತು ಯಾವುದಕ್ಕೂ ಸಹಿ ಕೇಳಬೇಡಿ. ಕಾಗದ ಕೊಡಿ, ಮನೆಗೆ ಒಯ್ದು ಓದಲಿ, ಬೇಕಾದವರ ಹತ್ತಿರ ತೋರಿಸಲಿ, ಒಂದು ವಾರ ಬಿಡಿ.

ಆ ಕಾಗದ ಒಂದೇ ಪುಟದ್ದಿರಲಿ. "ಪಾಲಿಸಿ ಪ್ರಕಾರ" ಅಂತ ಇರಬಾರದು, ರೂಪಾಯಿಯಲ್ಲೇ ಇರಬೇಕು. ಉದಾಹರಣೆಗೆ ಗ್ರಾಚ್ಯುಟಿ, ಅಂದರೆ ಸೇವೆಯ ವರ್ಷಗಳಿಗೆ ಕೊನೆಯಲ್ಲಿ ಸಿಗುವ ಇಡಿಗಂಟು: ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ ಕೊನೆಯ ಸಂಬಳ 39,000, ಸೇವೆ 8 ವರ್ಷ. 39,000ವನ್ನು 26ರಿಂದ ಭಾಗಿಸಿದರೆ ದಿನಕ್ಕೆ 1,500, ಅದರ 15 ದಿನ 22,500, ಎಂಟು ವರ್ಷಕ್ಕೆ 1,80,000. ಮೂವತ್ತು ದಿನದೊಳಗೆ ಕೊಡಬೇಕು. ಕಂಪನಿಯೇ ತೆಗೆದಾಗ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಬರಬೇಕು. "ಫುಲ್ ಆಂಡ್ ಫೈನಲ್ (ಎಲ್ಲ ಬಾಕಿಯ ಕೊನೆಯ ಲೆಕ್ಕ) ಆಗೋದಕ್ಕೆ 45 ದಿನ" ಅನ್ನೋ ಮಾತು ಅದಕ್ಕೆ ಅನ್ವಯಿಸಲ್ಲ. ಅತಿ ಹೆಚ್ಚು ಮರೆತುಹೋಗೋದು ಹೆಲ್ತ್ ಇನ್ಶೂರೆನ್ಸ್. ಅಪ್ಪ-ಅಮ್ಮನ ಡಯಾಲಿಸಿಸ್ ಅದರಲ್ಲೇ ನಡೀತಿರುತ್ತೆ. ಕವರ್ ಯಾವ ತಾರೀಕಿಗೆ ನಿಲ್ಲುತ್ತೆ, ಅದೇ ಇನ್ಶೂರೆನ್ಸ್ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳೋದಕ್ಕೆ ಯಾರನ್ನು ಕೇಳಬೇಕು, ಫೋನ್ ನಂಬರ್ ಸಮೇತ ಬರೆದಿರಿ. ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲಿರುವ ನಮ್ಮ ಹುಡುಗರಿಗಂತೂ ಅಲ್ಲಿ ಉಳಿಯೋದಕ್ಕೆ ಕೆಲಸ ಮುಗಿದ ದಿನದಿಂದ ಹೆಚ್ಚೆಂದರೆ 60 ದಿನ. ಅಲ್ಲಿ ಕೊನೆಯ ದಿನದ ತಾರೀಕು ಒಂದು ವಾರ ಹಿಂದೆ ಮುಂದೆ ಆದರೂ ಮಕ್ಕಳ ಸ್ಕೂಲು, ಬಾಡಿಗೆ ಒಪ್ಪಂದ ಎಲ್ಲ ಅಲ್ಲಾಡುತ್ತೆ.

ಇಲ್ಲಿ ಒಂದು ವಾದ ಬರುತ್ತೆ ಅಂತ ಗೊತ್ತು. "ಡೇಟಾ ಸೆಕ್ಯುರಿಟಿ. ಮೊದಲೇ ಹೇಳಿದರೆ ಸಿಟ್ಟಿನಲ್ಲಿ ಏನಾದರೂ ಡಿಲೀಟ್ ಮಾಡಿದರೆ?" ಆ ಭಯ ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರ ಗೇಟಲ್ಲ. ಮೀಟಿಂಗ್ ಹತ್ತು ಗಂಟೆಗೆ ಅಂದರೆ, ಕೋಡ್ ಮತ್ತು ಗ್ರಾಹಕರ ಡೇಟಾಗೆ ಇರುವ ಪ್ರವೇಶವನ್ನು ಹತ್ತೂ ಹತ್ತಕ್ಕೆ ತೆಗೆಯುವಂತೆ ಐಟಿಯವರಿಗೆ ಟಿಕೆಟ್ (ಮಾಡಬೇಕಾದ ಕೆಲಸದ ಕೋರಿಕೆ) ಹಾಕಿ. ಅವರು ಕೋಣೆಯಲ್ಲಿ ನಿಮ್ಮೆದುರೇ ಇರುತ್ತಾರೆ. ಪೇಸ್ಲಿಪ್, ಫಾರ್ಮ್ 16, ಪಿಎಫ್ ವಿವರ ಸಿಗುವ ಪೋರ್ಟಲ್ ತಿಂಗಳುಗಟ್ಟಲೆ ತೆರೆದಿರಲಿ, ಅದರಿಂದ ಯಾವ ಡೇಟಾವೂ ಸೋರಲ್ಲ. ಬಾಗಿಲ ಕಾರ್ಡ್ ಅವತ್ತು ಸಂಜೆವರೆಗೆ ಕೆಲಸ ಮಾಡಲಿ. ಇಷ್ಟು ಮಾಡೋದಕ್ಕೆ ಬೇಕಾದ್ದು ಒಂದು ಟಿಕೆಟ್, ಹತ್ತು ನಿಮಿಷ. ಹಾಗಿದ್ದ ಮೇಲೆ ಸೆಕ್ಯುರಿಟಿ ಹೆಸರು ಹೇಳೋದು, ಎದುರು ಕೂರುವ ಧೈರ್ಯ ಇಲ್ಲ ಅನ್ನೋದನ್ನು ಮುಚ್ಚಿಕೊಳ್ಳೋದಕ್ಕೆ.

ಇದು ಐಟಿಯವರದ್ದು ಮಾತ್ರ ಅಂದುಕೊಳ್ಳಬೇಡಿ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಕಾರ್ಖಾನೆಯೊಂದು ಮುಚ್ಚಿದಾಗ ಸಾವಿರಕ್ಕೂ ಹೆಚ್ಚು ಕಾರ್ಮಿಕರು, ಹೆಚ್ಚಿನವರು ಹೆಣ್ಣುಮಕ್ಕಳು, ಕಾರ್ಖಾನೆ ಎದುರೇ ಧರಣಿ ಕೂತರು. ಮಷಿನ್‌ಗಳನ್ನು ಸಾಗಿಸಲು ಹೊರಟಾಗಲೇ ಅವರಿಗೆ ಕಾರ್ಖಾನೆಯ ಗತಿ ಅರ್ಥವಾಗಿದ್ದು. ಇಂಥ ಕಡೆ ಇಂಗ್ಲಿಷ್ ಸರ್ಕ್ಯುಲರ್ ಅಂಟಿಸಿದರೆ ಹೇಳಿದಂತಲ್ಲ. ಕನ್ನಡದಲ್ಲಿ ಬರೆದು, ಲೈನ್ ಸೂಪರ್‌ವೈಸರ್ ಒಂದೊಂದು ಬ್ಯಾಚ್ ಕೂರಿಸಿಕೊಂಡು ಓದಿ ಹೇಳಬೇಕು, ಶಿಫ್ಟ್ ಮುಗಿಯುವ ಹೊತ್ತಿಗಲ್ಲ, ಶುರುವಿಗೇ. ಶಿಫ್ಟ್ ಮುಗಿದ ಮೇಲೆ ಹೇಳಿದರೆ ಊರಿನ ವ್ಯಾನ್ ತಪ್ಪುತ್ತೆ ಅಂತ ಪ್ರಶ್ನೆ ಕೇಳದೇ ಓಡುತ್ತಾರೆ.

ಹೇಳಿ ಆದ ಮೇಲೆ ರಟ್ಟಿನ ಡಬ್ಬ ಕೈಗಿಟ್ಟು, ಪಕ್ಕದಲ್ಲೊಬ್ಬ ಗಾರ್ಡ್ ನಡೆಸಿಕೊಂಡು ಎಲ್ಲರ ಮುಂದೆ ಕರೆದೊಯ್ಯಬೇಡಿ. ಸಾಮಾನು ಈಗ ತೆಗೆದುಕೊಳ್ಳುತ್ತೀರಾ, ಸಂಜೆಯಾ, ಮನೆಗೆ ಕಳಿಸಬೇಕಾ ಅಂತ ಅವರನ್ನೇ ಕೇಳಿ. ಗಾಡಿಯಲ್ಲಿ ಬಂದಿದ್ದರೆ ತಕ್ಷಣ ಓಡಿಸಿಕೊಂಡು ಹೋಗೋದಕ್ಕೆ ಬಿಡದೆ ಕ್ಯಾಬ್ ಮಾಡಿಕೊಡಿ. ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿ. ಉಳಿದ ತಂಡಕ್ಕೆ ಒಂದು ಗಂಟೆಯೊಳಗೆ ಅದೇ ಕಾರಣ, ಅದೇ ಮಾತಿನಲ್ಲಿ ಹೇಳಿ. ಮಾರನೇ ದಿನ ಬೆಳಗ್ಗೆ ಮ್ಯಾನೇಜರ್ ಫೋನ್ ಮಾಡಬೇಕು, ಎಚ್‌ಆರ್ ಅಲ್ಲ. ಮೊದಲ ದಿನ ಹೇಳಿದ್ದರಲ್ಲಿ ಅರ್ಧ ಕಿವಿಗೆ ಬಿದ್ದಿರಲ್ಲ.

ಬೆಳಗ್ಗೆಯ ಆ ಹೆಣ್ಣುಮಗಳು ಸಾಲಿನಿಂದ ಪಕ್ಕಕ್ಕೆ ಸರಿದು, ಹಿಂದಿನವರಿಗೆ "ಸಾರಿ" ಅಂತ ಹೇಳಿ ದಾರಿ ಬಿಟ್ಟರು. ಸಾರಿ ಕೇಳಬೇಕಾದವರು ಯಾರೂ ಅಲ್ಲಿರಲಿಲ್ಲ.

ಆ ಒಂದು ಪುಟದ ಹಾಳೆಯ ನಮೂನೆ ಕನ್ನಡದಲ್ಲಿ ಮಾಡಿಟ್ಟಿದ್ದೇನೆ, ಅಂಕಿ ತುಂಬುವ ಜಾಗ ಖಾಲಿ ಬಿಟ್ಟು. ಈ ವಾರ ಇಂಥ ಮೀಟಿಂಗ್‌ನಲ್ಲಿ ಮೇಜಿನ ಯಾವ ಕಡೆ ಕೂರಬೇಕಾದವರಾದರೂ ಸರಿ, ಇನ್‌ಬಾಕ್ಸ್‌ಗೆ ಬನ್ನಿ, ಕಳಿಸುತ್ತೇನೆ.