ಮಾವನಿಗೆ ಒಪ್ಪಿಸಿದ ಜುಲೈ ಲೆಕ್ಕ

ನನ್ನ ಸೋದರಮಾವ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಪ್ರತಿ ತಿಂಗಳು ಒಂದನೇ ತಾರೀಕು ನನ್ನ ಫೋನಿಗೆ ಐನೂರು ರೂಪಾಯಿ ಹಾಕುತ್ತಾರೆ. ಪುಸ್ತಕಕ್ಕೆ, ಸಿನಿಮಾಕ್ಕೆ ಅಂತ. ಷರತ್ತು ಒಂದೇ. ತಿಂಗಳ ಕೊನೆಗೆ ಏನು ಓದಿದೆ, ಏನು ನೋಡಿದೆ ಅಂತ ಲೆಕ್ಕ ಒಪ್ಪಿಸಬೇಕು. ಕೇಳೋಕೆ ಸುಲಭ, ಅಲ್ವಾ? ಆದರೆ ಮಾವನಿಗೆ ‘ಚೆನ್ನಾಗಿತ್ತು’ ಅಂದರೆ ಸಾಲದು. ಯಾರು ಬರೆದದ್ದು, ಯಾವ ಇಸವಿ, ಎಷ್ಟು ಪುಟ, ಪೂರ್ತಿ ಓದಿದೆಯಾ, ನಡುವೆ ಬಿಟ್ಟೆಯಾ, ಬಿಟ್ಟಿದ್ದರೆ ಕಾರಣ ಏನು, ಎಲ್ಲಕ್ಕೂ ಕಾಲಂ ಇದೆ. ಒಮ್ಮೆ ಒಂದು ಕಾದಂಬರಿಯ ಬೆಲೆಯನ್ನು ಪುಟಗಳಿಂದ ಭಾಗಿಸಿ, ‘ಪುಟಕ್ಕೆ ಅರವತ್ತು ಪೈಸೆ ಬಿತ್ತು, ಪರವಾಗಿಲ್ಲ’ ಅಂತ ಉತ್ತರ ಬರೆದಿದ್ದರು.

ಮಾವನ ಕಾಲಂಗಳಲ್ಲಿ ಒಂದೇ ತೊಂದರೆ. ಪುಸ್ತಕವನ್ನು ಒಬ್ಬರೇ ಓದುತ್ತಾರೆ ಅಂತ ಅವರು ನಂಬಿದ್ದಾರೆ. ನಾನಿರುವುದು ಮೈಸೂರಿನ ಸರಸ್ವತಿಪುರಂನ ಒಂದು ಪೀಜಿಯಲ್ಲಿ. ಒಂದು ರೂಮಿಗೆ ಮೂವರು. ನಾನು, ಮಂಡ್ಯದವಳು, ಸಿರ್ಸಿಯವಳು. ಕೆಳಗೆ ಆಂಟಿ. ಈ ಮನೆಯಲ್ಲಿ ಯಾರೂ ಯಾವುದನ್ನೂ ಒಬ್ಬರೇ ಓದಿಲ್ಲ, ಒಬ್ಬರೇ ನೋಡಿಲ್ಲ. ಹಾಗಾಗಿ 2025ರ ಜುಲೈ ಲೆಕ್ಕವನ್ನು ಕಾಲಂ ಬಿಟ್ಟು ಉದ್ದಕ್ಕೆ ಬರೆದೆ.

ಮೊದಲನೆಯದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರ ಕಾದಂಬರಿ. ಏಳುನೂರು ಪುಟ ದಾಟುತ್ತದೆ. ಲೈಬ್ರರಿಯಿಂದ ತಂದ ದಿನ ಸಂಜೆ ಗುತ್ತಿ ಮತ್ತು ಅವನ ನಾಯಿ ಹುಲಿಯನ ಜೊತೆ ಸ್ವಲ್ಪ ದೂರ ನಡೆದೆ. ಮರುದಿನ ಕಾಲೇಜಿನಲ್ಲಿ ಹರ್ಬೇರಿಯಂ ಮಾಡಿ ತರಬೇಕು ಅಂದರು.

ಬಾಟನಿ ಓದದವರಿಗೆ ಎರಡು ಮಾತು. ಹರ್ಬೇರಿಯಂ ಅಂದರೆ ಗಿಡವನ್ನು ಬೇರು, ಎಲೆ, ಹೂವಿನ ಸಮೇತ ತಂದು, ಪೇಪರ್ ನಡುವೆ ಹರಡಿ, ಮೇಲೆ ಭಾರ ಹೇರಿ ಒಣಗಿಸುವುದು. ಒಣಗಿದ ಮೇಲೆ ಹದಿನಾರೂವರೆ ಇಂಚು ಉದ್ದ, ಹನ್ನೊಂದೂವರೆ ಇಂಚು ಅಗಲದ ದಪ್ಪ ಹಾಳೆಗೆ ಅಂಟಿಸಿ ಹೆಸರು, ಊರು, ತಾರೀಕು ಬರೆಯಬೇಕು. ಇಲ್ಲಿ ಮುಖ್ಯವಾದ ಪದಾರ್ಥ ಭಾರ. ಕಾಲೇಜಿನಲ್ಲಿ ಮರದ ಪ್ರೆಸ್ ಇದೆ, ಅದಕ್ಕೆ ಸರದಿ ಇದೆ. ರೂಮಿನಲ್ಲಿ ಇದ್ದ ಅತಿ ಭಾರದ ವಸ್ತು ಯಾವುದು ಅಂತ ಹುಡುಕಿದರೆ ಮೂವರ ಕಣ್ಣೂ ಒಟ್ಟಿಗೇ ಕುವೆಂಪು ಮೇಲೆ ಬಿತ್ತು.

ಹೀಗೆ ಗುತ್ತಿ, ಹುಲಿಯ, ಚಿನ್ನಮ್ಮ, ಮುಕುಂದಯ್ಯ ಎಲ್ಲರೂ ಸೇರಿ ನನ್ನ ತುಂಬೆ ಗಿಡದ ಮೇಲೆ ಕೂತರು. ಜುಲೈ ಮಳೆಗೆ ಏನೂ ಬೇಗ ಒಣಗುವುದಿಲ್ಲ. ದಿನಾ ಪೇಪರ್ ಬದಲಾಯಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಬದಲಾಯಿಸಲು ಕಾದಂಬರಿ ಎತ್ತಿ ಪಕ್ಕಕ್ಕಿಡುವುದು, ಮತ್ತೆ ಎತ್ತಿ ಮೇಲಿಡುವುದು. ಆ ತಿಂಗಳು ಅಷ್ಟು ಸಲ ಕೈಗೆತ್ತಿಕೊಂಡ ಪುಸ್ತಕ ಇನ್ನೊಂದಿಲ್ಲ. ಓದಿದ್ದು ಮಾತ್ರ ತೆಗೆದ ಪೇಪರುಗಳನ್ನು. ಆಂಟಿ ಕೊಟ್ಟ ಹಳೇ ಪೇಪರ್ ಕಟ್ಟಿನಲ್ಲಿ ಶ್ರದ್ಧಾಂಜಲಿ ಪುಟಗಳೇ ಜಾಸ್ತಿ ಇದ್ದವು. ಮೈಸೂರಿನ ಅದೆಷ್ಟೋ ಹಿರಿಯರ ಮುಖಪರಿಚಯವಾಯಿತು.

ಭಾರ ಇನ್ನೂ ಸಾಲಲ್ಲ ಅಂತ ಮಂಡ್ಯದವಳು ನನ್ನ ಕಪಾಟಿನಿಂದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತಂದು ಮೇಲಿಟ್ಟಳು. ಆ ಪುಸ್ತಕ ನನಗೆ ಬಹಳ ಇಷ್ಟ. ಒಂದು ಮನೆಯವರ ಸುಖಸಂಸಾರ ಒಳಗಿನಿಂದ ಹೇಗೆ ಕೆಡುತ್ತದೆ ಅನ್ನುವುದನ್ನು ಅಷ್ಟು ಕಡಿಮೆ ಪುಟಗಳಲ್ಲಿ ಹೇಳಿದ್ದು ನಾನು ಬೇರೆಲ್ಲೂ ಓದಿಲ್ಲ. ಆದರೆ ಬಾಟನಿ ದೃಷ್ಟಿಯಿಂದ ಹೇಳುವುದಾದರೆ, ಅದರಿಂದ ಒಂದು ಮುಟ್ಟಿದರೆ ಮುನಿಯನ್ನೂ ಒತ್ತಲಾಗದು.

ಇದನ್ನೆಲ್ಲ ನೋಡುತ್ತಿದ್ದ ಆಂಟಿ ಒಂದು ದಿನ, “ಅದನ್ನ ಓದಕ್ಕೆ ಇಷ್ಟು ದಿನ ಬೇಕೇನಮ್ಮಾ? ನಾನು ಒಂದೇ ರಾತ್ರೀಲಿ ಮುಗಿಸಿದೀನಿ” ಅಂದರು. ನಮಗೆ ಗಾಬರಿ. ಏಳುನೂರು ಪುಟ! ಆಮೇಲೆ ತಿಳಿಯಿತು. 2010ರಲ್ಲಿ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರು ಈ ಕಾದಂಬರಿಯನ್ನು ರಾತ್ರಿಯಿಡೀ ಬೇರೆ ಬೇರೆ ವೇದಿಕೆಗಳಲ್ಲಿ ನಡೆಯುವ ನಾಟಕ ಮಾಡಿಸಿದ್ದರಲ್ಲ, ಒಂಬತ್ತು ಗಂಟೆಯದು, ಆಂಟಿ ಅದಕ್ಕೆ ಶಾಲು, ಚಕ್ಕುಲಿ ಕಟ್ಟಿಕೊಂಡು ಹೋಗಿದ್ದರಂತೆ. “ನಡುವೆ ಒಂಚೂರು ಕಣ್ಣು ಹತ್ತಿತ್ತು, ಎದ್ದಾಗ ಬೇರೆ ವೇದಿಕೆ ಮುಂದೆ ಕೂತಿದ್ದೆ” ಅಂತ ಸೇರಿಸಿದರು. ಮಾವನ ಲೆಕ್ಕದಲ್ಲಿ ಇದನ್ನು ಪೂರ್ತಿ ಓದಿದ್ದು ಅಂತ ಹಾಕಬೇಕೋ, ನಡುವೆ ಬಿಟ್ಟಿದ್ದು ಅಂತ ಹಾಕಬೇಕೋ?

ಇಷ್ಟರಲ್ಲಿ ಸಿರ್ಸಿಯವಳು ನನ್ನ ಹಿಂದಿನಿಂದ ಅದೇ ಕಾದಂಬರಿ ಓದಲು ಶುರು ಮಾಡಿದ್ದಳು. ರಾತ್ರಿ ಗಿಡಗಳ ಮೇಲಿಂದ ತೆಗೆದು ಓದುವುದು, ಮಲಗುವಾಗ ಮತ್ತೆ ಭಾರಕ್ಕಿಡುವುದು. ಎಲ್ಲಿವರೆಗೆ ಓದಿದೆ ಅಂತ ಗುರುತಿಗೆ ಆಂಟಿಯ ಕುಂಡದಿಂದ ಒಂದು ದಪ್ಪ ಎಲೆ ಕಿತ್ತು ಇಟ್ಟಳು. ಅದು ಕಾಡು ಬಸಳೆ. ಬಾಟನಿಯವರು ಬ್ರಯೋಫಿಲಂ ಅನ್ನುತ್ತೇವೆ. ಈ ಎಲೆಯ ಅಂಚಿನ ಕಚ್ಚುಗಳಲ್ಲಿ ಮೊಗ್ಗುಗಳಿರುತ್ತವೆ. ಗಿಡದಿಂದ ಕಿತ್ತು ಎಲ್ಲಿ ಬಿಸಾಕಿದರೂ ಅಲ್ಲಿಂದ ಮರಿ ಬರುತ್ತದೆ. ಇಂಥ ನೀರು ತುಂಬಿದ ಗಿಡಗಳನ್ನು ಹರ್ಬೇರಿಯಂಗೆ ಇಡುವ ಮೊದಲು ಕುದಿಯುವ ನೀರಿಗೆ ಅದ್ದಿ ತೆಗೆಯುವುದು ಇದಕ್ಕೇ. ಇಲ್ಲದಿದ್ದರೆ ಸಾಯುವುದೇ ಇಲ್ಲ. ಸಿರ್ಸಿಯವಳು ಓದುವುದು ಕಾಮರ್ಸ್. ಅವಳಿಗೆ ಇದು ತಿಳಿಯದು. ಅವಳು ಪರೀಕ್ಷೆ ಅಂತ ಸ್ವಲ್ಪ ದಿನ ಪುಸ್ತಕ ಮುಟ್ಟಲಿಲ್ಲ.

ಲೈಬ್ರರಿಗೆ ವಾಪಸ್ ಕೊಡುವ ದಿನ ಕೌಂಟರಿನವರು ಅಭ್ಯಾಸದಂತೆ ಪುಟಗಳನ್ನು ಸರ್ರನೆ ತಿರುವಿದರು. ನಡುವೆ ನಿಂತರು. ಕನ್ನಡಕ ಸರಿಮಾಡಿಕೊಂಡರು. ಪುಟದ ಮಧ್ಯೆ ಎರಡು ಪುಟಾಣಿ ಸಸಿಗಳು, ಕೂದಲಿನಂಥ ಬೇರು ಬಿಟ್ಟುಕೊಂಡು ಮಲಗಿದ್ದವು. ಅವರು ನನ್ನನ್ನು ನೋಡಿದರು, ಪುಸ್ತಕದ ಹೆಸರು ನೋಡಿದರು. “ಮಲೆಗಳಲ್ಲೇ ಬೆಳೆದಿದ್ದಾ ಇದು?” ಅಂದರು. ಪುಣ್ಯಕ್ಕೆ ಅಕ್ಷರ ಅಳಿಸಿರಲಿಲ್ಲ, ಒಂದು ಕಂದು ಕಲೆ ಮಾತ್ರ. ದಂಡ ಹಾಕಲಿಲ್ಲ. ಒಂದು ಸಸಿ ಅವರೇ ಇಟ್ಟುಕೊಂಡರು.

ತೇಜಸ್ವಿಯವರ ‘ಕರ್ವಾಲೊ’ ಬಗ್ಗೆ ಹೆಚ್ಚು ಹೇಳುವುದಿಲ್ಲ. 1980ರ ಪುಸ್ತಕ, ಎಲ್ಲರೂ ಓದಿರುತ್ತೀರಿ. ಹಾರುವ ಓತಿಯನ್ನು ಹುಡುಕಿಕೊಂಡು ವಿಜ್ಞಾನಿ ಕರ್ವಾಲೊ, ಮಂದಣ್ಣ, ಕಿವಿ ಅನ್ನುವ ನಾಯಿ, ಎಲ್ಲರೂ ಕಾಡಿಗೆ ಹೋಗುತ್ತಾರೆ. ನನಗೆ ಇದು ಮೊದಲ ಸಲ. ಲೈಬ್ರರಿ ಪ್ರತಿಯ ಮೊದಲ ಪುಟದಲ್ಲೇ ಯಾರೋ ಪುಣ್ಯಾತ್ಮರು ನೀಲಿ ಪೆನ್ನಿನಲ್ಲಿ ‘ಕೊನೆಗೆ ಓತಿ ಕೈಗೆ ಸಿಗಲ್ಲ’ ಅಂತ ಬರೆದಿದ್ದರು. ಅದರ ಕೆಳಗೆ ಬೇರೆ ಕೈಬರಹ: ‘ಹೇಳಿದ್ದು ಯಾಕೋ ಲೋಫರ್’. ಅದರ ಕೆಳಗೆ ಪೆನ್ಸಿಲ್‌ನಲ್ಲಿ, ಗುಂಡಗೆ, ಹುಡುಗಿಯ ಅಕ್ಷರ: ‘ಲೈಬ್ರರಿ ಪುಸ್ತಕದಲ್ಲಿ ಬರೆಯಬಾರದು’. ಮುಂದಿನ ಪುಟಗಳಲ್ಲೂ ಈ ಮೂವರ ಜಗಳ ಅಲ್ಲಲ್ಲಿ ಮುಂದುವರಿದಿತ್ತು. ಓತಿ ಕಣಿವೆಗೆ ಹಾರುವ ಹೊತ್ತಿಗೆ ನನ್ನ ಗಮನವೆಲ್ಲ ಪೆನ್ಸಿಲ್ ಹುಡುಗಿ ಈ ಪುಟದಲ್ಲಿ ಏನು ಬರೆದಿದ್ದಾಳೆ ಅನ್ನುವುದರ ಮೇಲಿತ್ತು. ಬರೆದಿದ್ದಳು: ‘ಸಿಗದಿದ್ದದ್ದೇ ಒಳ್ಳೇದಾಯ್ತು’. ಅವಳು ಯಾರೋ ಏನೋ, ನನಗೆ ಅವಳ ಸ್ನೇಹ ಬೇಕು.

ಇನ್ನು ಸಿನಿಮಾ. ಜುಲೈ 14ಕ್ಕೆ ಬಿ. ಸರೋಜಾದೇವಿ ತೀರಿಕೊಂಡರು. ತಿಪಟೂರಿನಿಂದ ಅಜ್ಜಿ ಫೋನ್ ಮಾಡಿ, ಮನೆಯವರೇ ಯಾರೋ ಹೋದಂತೆ ಗಂಟಲು ಕಟ್ಟಿಕೊಂಡು ಮಾತಾಡಿದರು. ಅಜ್ಜಿಗೆ ಹತ್ತು ವರ್ಷವಿದ್ದಾಗ ಟೆಂಟ್ ಸಿನಿಮಾದಲ್ಲಿ ನೆಲಕ್ಕೆ ಕೂತು ‘ಕಿತ್ತೂರು ಚೆನ್ನಮ್ಮ’ ನೋಡಿದ್ದರಂತೆ. 1961ರ ಸಿನಿಮಾ, ಪಂತುಲು ಅವರದ್ದು, ಸರೋಜಾದೇವಿ ಚೆನ್ನಮ್ಮ, ರಾಜ್‌ಕುಮಾರ್ ಮಲ್ಲಸರ್ಜ. “ಇವತ್ತು ಟೀವಿಲಿ ಹಾಕ್ತಾರೆ ಪುಟ್ಟಿ, ನೀನು ಅಲ್ಲಿ ಫೋನಲ್ಲಿ ಹಾಕ್ಕೋ. ಇಬ್ರೂ ಒಟ್ಟಿಗೆ ನೋಡಣ” ಅಂದರು. ನಾನು ಲ್ಯಾಪ್‌ಟಾಪಿನಲ್ಲಿ ಸಿನಿಮಾ ಹಾಕಿ, ಫೋನನ್ನು ಸ್ಪೀಕರಿಗೆ ಹಾಕಿ ಕೂತೆ.

ಒಟ್ಟಿಗೆ ನೋಡುವುದು ಅಂದುಕೊಂಡಷ್ಟು ಸುಲಭವಿಲ್ಲ. ಅಜ್ಜಿಯ ಟೀವಿಯಲ್ಲಿ ಜಾಹೀರಾತು ಬಂದಾಗ ನಾನು ಮುಂದೆ ಹೋಗುತ್ತಿದ್ದೆ. ನನ್ನ ನೆಟ್ ತಿರುಗುತ್ತಾ ನಿಂತಾಗ ಅಜ್ಜಿ ಮುಂದೆ. ನನ್ನಲ್ಲಿ ಅರಮನೆಯಲ್ಲಿ ನಗು ನಡೆಯುತ್ತಿದ್ದರೆ ಫೋನಿನಲ್ಲಿ ಅಜ್ಜಿ ಮೂಗು ಸೀಟುವ ಸದ್ದು. ಕೊನೆಗೆ ಅಜ್ಜಿ ಜೋರಾಗಿ, “ಸತ್ತ ನೋಡು ಥ್ಯಾಕರೆ!” ಅಂದರು.

“ಅಜ್ಜೀ, ಕಥೆ ಹೇಳ್ಬೇಡ, ನಂಗಿನ್ನೂ ಅಲ್ಲಿಗೆ ಬಂದಿಲ್ಲ!”

“ಅಯ್ಯೋ, ಅವನು ಸತ್ತು ಇನ್ನೂರು ವರ್ಷ ಆಯ್ತು ಕಣೇ. ಸ್ಕೂಲಲ್ಲಿ ಏನು ಓದಿದೆ ನೀನು?”

ಕಿತ್ತೂರಿನ ಯುದ್ಧದಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತದ್ದು 1824ರಲ್ಲಿ. ಲೆಕ್ಕ ಸರಿಯಾಗೇ ಇತ್ತು. ಮಾವ ಹುಟ್ಟಿದ್ದು ಯಾರ ಹೊಟ್ಟೆಯಲ್ಲಿ ಅನ್ನುವುದು ಆಗ ಹೊಳೆಯಿತು.

‘ತಿಥಿ’ಯನ್ನು ನಾನು ಕೇಳಿ ನೋಡಿದ್ದಲ್ಲ. ಮಂಡ್ಯದವಳು ಹಟ ಹಿಡಿದಿದ್ದಳು. ಅವರ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದದ್ದು, ಊರಿನವರೇ ಪಾತ್ರ ಮಾಡಿದ್ದು, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದದ್ದು, ಎಲ್ಲ ಮೊದಲೇ ಭಾಷಣವಾಯಿತು. ಮಂಚದ ಮೇಲೆ ಮೂವರು ಕೂತರೆ ಲ್ಯಾಪ್‌ಟಾಪಿಗೆ ಜಾಗವಿಲ್ಲ. ಎತ್ತರಕ್ಕೆ ಸರಿಯಾಗುತ್ತೆ ಅಂತ ಗಿಡಗಳ ರಾಶಿಯ ಮೇಲೇ ಇಟ್ಟೆವು. ಸೆಂಚುರಿ ಗೌಡ ಬೈಯುತ್ತಾ ಬೈಯುತ್ತಾ ಕುಸಿದು ಸತ್ತ. ಅಲ್ಲಿಂದ ಶುರು. ಸಿರ್ಸಿಯವಳಿಗೆ ಮಂಡ್ಯದ ಮಾತು ಅರ್ಧಕ್ಕರ್ಧ ತಿಳಿಯದು. “ಏನಂದ?” ಅನ್ನುವಳು. ಮಂಡ್ಯದವಳು ಸಿನಿಮಾ ನಿಲ್ಲಿಸಿ ಅರ್ಥ ಹೇಳುವಳು. ಅರ್ಥ ಹೇಳಿ ಸುಮ್ನಿರುವ ಪೈಕಿಯಲ್ಲ. ಸೆಂಚುರಿ ಗೌಡನ ಮಗ ಗಡ್ಡಪ್ಪ ಬಂದರೆ, “ನಮ್ಮ ದೊಡ್ಡಪ್ಪ ಥೇಟ್ ಹಿಂಗೇ ಕಣ್ರೇ, ಬೆಳಿಗ್ಗೆ ಎದ್ದು ಹೊಂಟ್ರೆ ಎಲ್ಲೋಯ್ತವ್ನೋ ಗೊತ್ತಾಗಕಿಲ್ಲ.” ಗಡ್ಡಪ್ಪನ ಮಗ ತಮ್ಮಣ್ಣ, ಅಪ್ಪ ಬದುಕಿರುವಾಗಲೇ ಸತ್ತ ಅಂತ ಸರ್ಟಿಫಿಕೇಟ್ ಮಾಡಿಸಲು ಓಡಾಡುವಾಗ, ಅವರೂರಿನ ಜಮೀನು ಜಗಳವೊಂದರ ಪೂರ್ತಿ ವಂಶಾವಳಿ ಬಿಚ್ಚಿದಳು. ಎರಡು ಗಂಟೆ ಚಿಲ್ಲರೆಯ ಸಿನಿಮಾ ಮುಗಿಯುವಾಗ ಹಾಲಿನವನು ಬಂದಿದ್ದ. ಒಂದೇ ಲಾಭ. ರಾತ್ರಿಯಿಡೀ ಲ್ಯಾಪ್‌ಟಾಪ್ ಕಾದು ಕಾದು, ಅದರ ಕೆಳಗಿದ್ದ ತುಂಬೆ ಗರಿಗರಿಯಾಗಿ ಒಣಗಿತ್ತು. ಆ ತಿಂಗಳು ಬೂಷ್ಟು ಹಿಡಿಯದೆ ದಡ ಸೇರಿದ ಗಿಡ ಅದೊಂದೇ. ಲ್ಯಾಬಿನಲ್ಲಿ ಹೇಗೆ ಒಣಗಿಸಿದೆ ಅಂತ ಕೇಳಿದರು. ತಿಥಿ ಮಾಡಿದೆವು ಅಂತ ಹೇಳಲಾದೀತೇ?

ಬಾನು ಮುಷ್ತಾಕ್ ಅವರ ಕಥೆಗಳನ್ನು ಮಾತ್ರ ದುಡ್ಡು ಕೊಟ್ಟು ಕೊಂಡೆ. ಮೇ ತಿಂಗಳಲ್ಲಿ ಅವರ ಕಥೆಗಳಿಗೆ, ದೀಪಾ ಭಾಸ್ತಿ ಮಾಡಿದ ಅನುವಾದಕ್ಕೆ, ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಲೈಬ್ರರಿಯಲ್ಲಿ ಪ್ರತಿ ಸಿಗುವುದು ಕನಸಾಗಿತ್ತು. ಕೊಂಡು ತಂದ ಸಂಜೆ ಆಂಟಿ, “ಪೇಪರಲ್ಲಿ ಬಂದಿತ್ತಲ್ಲ, ಹಾಸನದವರು, ಇದೇನಾ? ಕೊಡಿಲ್ಲಿ, ಸುಮ್ನೆ ನೋಡಿ ಕೊಡ್ತೀನಿ” ಅಂದರು. ಪೀಜಿಯಲ್ಲಿ ಬಿಸಿನೀರು, ಗೇಟಿನ ಕೀಲಿ, ಎರಡನೇ ಸಲ ಸಾರು, ಎಲ್ಲ ಇರುವುದು ಆಂಟಿಯ ಕೈಯಲ್ಲಿ. ಕೊಟ್ಟೆ. ಆಷಾಢ ಶುಕ್ರವಾರ ಅಂತ ಬೆಟ್ಟಕ್ಕೆ ಹೋದಾಗಲೂ ಆಂಟಿಯ ಬ್ಯಾಗಿನಲ್ಲಿ ಪುಸ್ತಕ. ದರ್ಶನದ ಸಾಲಿನಲ್ಲಿ ನಿಂತು ಎರಡು ಕಥೆ ಮುಗಿಸಿದರಂತೆ. ಪ್ರಸಾದದ ಜೊತೆ ಪುಸ್ತಕವೂ ಬರುತ್ತದೆ ಅಂತ ಕಾದೆ. ಪ್ರಸಾದ ಬಂತು. ಕುಂಕುಮ ಹತ್ತಿದ ರಟ್ಟು ದೂರದಿಂದ ಕಾಣಿಸಿತು.

ತಿಂಗಳ ಕೊನೆಗೆ, 25ಕ್ಕೆ, ‘ಸು ಫ್ರಮ್ ಸೋ’ ಬಿಡುಗಡೆಯಾಯಿತು. ದೊಡ್ಡ ಹೀರೊ ಇಲ್ಲ, ಆರ್ಭಟ ಇಲ್ಲ, ಆದರೆ ನೋಡಿದವರು ನೋಡದವರಿಗೆ ಹೇಳಿ ಹೇಳಿ ಎರಡೇ ದಿನಕ್ಕೆ ಟಿಕೆಟ್ ಇಲ್ಲ. ನಮಗೆ ಸಿಕ್ಕಿದ್ದು ಭಾನುವಾರ ಸೆಕೆಂಡ್ ಶೋ, ಅದೂ ಮೊದಲನೇ ಸಾಲು. ಪೀಜಿ ಗೇಟು ಮುಚ್ಚುವುದು ಒಂಬತ್ತೂವರೆಗೆ. ಆಂಟಿಯನ್ನು ಕೇಳಿದರೆ, “ನಾನಂತೂ ಬೀಗ ಹಾಕಿ ಮಲಗ್ತೀನಿ, ಆಮೇಲೆ ನಿಮ್ಮಿಷ್ಟ” ಅಂದರು. ಬೇಡ ಅನ್ನಲಿಲ್ಲವಲ್ಲ ಅಂತ ಹೊರಟೇಬಿಟ್ಟೆವು.

ಮೊದಲ ಸಾಲಿನಿಂದ ನೋಡಿದರೆ ಪರದೆಯ ಮೇಲಿನವರ ಗದ್ದ, ಮೂಗಿನ ಹೊಳ್ಳೆ ಮೊದಲು ಕಾಣಿಸುತ್ತವೆ, ಮುಖ ಆಮೇಲೆ. ಕರಾವಳಿಯ ಒಂದು ಹಳ್ಳಿ, ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾಳ ದೆವ್ವ ಬಂದಿದೆ ಅಂತ ಊರಿಗೆ ಊರೇ ನಂಬುತ್ತದೆ, ರವಿಯಣ್ಣ ಮುಂದಾಳು. ಈ ಸಲ ಕರಾವಳಿ ಮಾತು ಸಲೀಸಾಗಿ ತಿಳಿದದ್ದು ಸಿರ್ಸಿಯವಳಿಗೆ. “ಏನಂದ್ರು?” ಅಂತ ಕೇಳುವ ಸರದಿ ಮಂಡ್ಯದವಳದ್ದು. ಸಿರ್ಸಿಯವಳು ‘ತಿಥಿ’ಯ ಸೇಡು ತೀರಿಸಿಕೊಂಡಳು. ಒಂದಕ್ಕೂ ಅರ್ಥ ಹೇಳಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ. ಒಂದು ಮಾತಿಗೆ ಇಡೀ ಟಾಕೀಸು ನಕ್ಕರೆ ಮುಂದಿನ ಮಾತು ಆ ನಗುವಿನಲ್ಲಿ ಮುಳುಗಿಹೋಗುತ್ತಿತ್ತು.

ಆಟೊ ಹಿಡಿದು ಮನೆ ಮುಂದೆ ಇಳಿದಾಗ ಹನ್ನೆರಡೂವರೆ ದಾಟಿತ್ತು. ಗೋಡೆ ಹಾರುವುದು ಯಾರು ಮೊದಲು ಅಂತ ಪಿಸುಪಿಸು ನಡೆಯುವಾಗ ನೋಡಿದರೆ ಗೇಟಿಗೆ ಬೀಗವೇ ಇಲ್ಲ. ಹಾಲಿನಲ್ಲಿ ಲೈಟು. ಆಂಟಿ ಈಸಿಚೇರಿನಲ್ಲಿ, ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ನನ್ನ ಪುಸ್ತಕ. ನಾವು ಮೂವರೂ ಸಾಲಾಗಿ ನಿಂತೆವು. ಆಂಟಿ ತಲೆ ಎತ್ತಲಿಲ್ಲ. “ಗಲಾಟೆ ಮಾಡ್ಬೇಡಿ, ಎರಡು ಪುಟ ಇದೆ.”

ಎರಡು ಪುಟ ಮುಗಿಯುವವರೆಗೆ ನಿಂತೇ ಇದ್ದೆವು. ಪುಸ್ತಕ ಮುಚ್ಚಿ, “ಈ ಗಂಡಸರು ಎಲ್ಲಾ ಕಡೆ ಒಂದೇ ಕಣ್ರಮ್ಮಾ” ಅಂತ ಒಂದು ದೊಡ್ಡ ಉಸಿರು ಬಿಟ್ಟರು. ಅಂಕಲ್ ಒಳಗೆ ಗೊರಕೆ ಹೊಡೆಯುತ್ತಿದ್ದರು. ಅವರಿಗೆ ಏನು ಕಾದಿತ್ತೋ ಪಾಪ. ಆಮೇಲೆ, “ಏನದು ಸಿನಿಮಾ?” ಅಂದರು. ದೆವ್ವದ್ದು ಅಂದೆವು. “ಹೇಳಿ ನೋಡೋಣ.”

ಅಪರಾತ್ರಿಯಲ್ಲಿ ನಿಂತಲ್ಲೇ ಇಡೀ ಕಥೆ ಒಪ್ಪಿಸಿದೆವು. ನಗಬೇಕಾದಲ್ಲೆಲ್ಲ ಆಂಟಿ ಕಣ್ಣರಳಿಸಿ ಬಾಗಿಲ ಕಡೆ ನೋಡಿದರು. ಮುಗಿದ ಮೇಲೆ, “ಹಿತ್ತಲ ಲೈಟ್ ಆರಿಸಿಲ್ಲ. ಯಾರಾದ್ರೂ ಹೋಗಿ ಆರಿಸಿ ಬನ್ನಿ” ಅಂದರು. ಯಾರೂ ಹೋಗಲಿಲ್ಲ. ಆಂಟಿಯೂ ಹೋಗಲಿಲ್ಲ.

ಬೆಳಿಗ್ಗೆ ತಿಂಡಿಗೆ ಕೂತಾಗ ಗೇಟಿನ ಮಾತು ಬರುತ್ತದೆ ಅಂತ ಮೂವರೂ ತಟ್ಟೆ ನೋಡುತ್ತಿದ್ದೆವು. ಆಂಟಿ ಉಪ್ಪಿಟ್ಟು ಬಡಿಸುತ್ತಾ, “ಆ ದೆವ್ವದ ಸಿನಿಮಾಕ್ಕೆ ಭಾನುವಾರ ಮಧ್ಯಾಹ್ನದ ಆಟಕ್ಕೆ ನಂಗೂ ಒಂದು ಟಿಕೆಟ್ ಮಾಡಿ. ರಾತ್ರಿದು ಬೇಡ. ಮುಂದಿನ ಸಾಲೂ ಬೇಡ” ಅಂದರು.