ನೂರಕ್ಕೆ ನೂರಾ ನಲವತ್ತು

ಕೊನೆಗೂ ಆ ಪಟ್ಟಿ ಹೋಯಿತು. 2025ರ ಫೆಬ್ರುವರಿಯಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ತಾನು ಒಪ್ಪಿದ ಸಂಶೋಧನಾ ಪತ್ರಿಕೆಗಳ ಕೇರ್ ಪಟ್ಟಿಯನ್ನು ಕೈಬಿಟ್ಟಿತು. ಯಾವ ಪತ್ರಿಕೆ ಒಳ್ಳೆಯದು, ಯಾವುದು ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಕಳ್ಳ ಪತ್ರಿಕೆ ಅಂತ ಇನ್ನು ಮುಂದೆ ಕಾಲೇಜು, ವಿಶ್ವವಿದ್ಯಾಲಯಗಳೇ ನೋಡಿಕೊಳ್ಳಬೇಕಂತೆ. ಬಹಳ ದೊಡ್ಡ ಮನಸ್ಸು. ಅದಕ್ಕೂ ಹಿಂದಿನ ಪಟ್ಟಿಯಿಂದ 2018ರಲ್ಲಿ 4,305 ಪತ್ರಿಕೆಗಳನ್ನು ಒಂದೇ ಏಟಿಗೆ ಕಿತ್ತು ಹಾಕಿದವರೂ ಇವರೇ. ಅಷ್ಟನ್ನೂ ಮೊದಲು ಒಳಗೆ ಬಿಟ್ಟುಕೊಂಡವರು ಯಾರು ಅಂತ ಕೇಳಬಾರದು. ಸುಮ್ನೆ ಚಪ್ಪಾಳೆ ತಟ್ಟಬೇಕು.

ಪಟ್ಟಿ ಹೋಯಿತೇ ಹೊರತು ಅಂಕಕ್ಕಾಗಿ, ಬಡ್ತಿಗಾಗಿ ಇಂಥ ಪತ್ರಿಕೆಗಳಲ್ಲಿ ಪೇಪರ್ ಹಾಕುವ ಕರ್ಮ ಹೋಗಲಿಲ್ಲ. ವಿಜಯಪುರದಂಥ ಊರಿನ ಡಿಗ್ರಿ ಕಾಲೇಜಿನಲ್ಲಿ ಗಣಿತ ಕಲಿಸುವ ಮನುಷ್ಯನಿಗೂ ಬಿಡುಗಡೆಯಿಲ್ಲ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಸ್ಕಾಲರ್‌ಶಿಪ್ ಅರ್ಜಿ, ಚುನಾವಣೆ ಬಂದರೆ ಚುನಾವಣೆ ಡ್ಯೂಟಿ. ನಡುವೆ ಉಳಿದ ಹೊತ್ತಿನಲ್ಲಿ ಅವನು ಜಗತ್ತಿನಲ್ಲಿ ಯಾರೂ ಕಂಡುಹಿಡಿಯದ ಪ್ರಮೇಯ ಒಂದನ್ನು ಕಂಡುಹಿಡಿಯಬೇಕು.

ನಾನು ಕಂಡುಹಿಡಿಯುವ ಗೋಜಿಗೆ ಹೋಗಲಿಲ್ಲ. ಗಣಿತದಲ್ಲಿ ಇನ್ನೊಂದು ಜಾತಿಯ ಬರಹ ಇದೆ. ಅದರಲ್ಲಿ ಹೊಸ ಪ್ರಮೇಯ ಇರಬೇಕಿಲ್ಲ. ಗೊತ್ತಿರುವುದನ್ನೇ ಬಿಎಸ್ಸಿ ಹುಡುಗನಿಗೂ ತಿಳಿಯುವ ಹಾಗೆ, ಓದಿದವನು 'ಓಹ್ ಇದು ಹೀಗಾ' ಅನ್ನುವ ಹಾಗೆ ಬಿಡಿಸಿ ಹೇಳಬೇಕು. ಇದಕ್ಕೆಂದೇ ಪತ್ರಿಕೆಗಳಿವೆ. ಅಮೆರಿಕದ 'ಮ್ಯಾಥಮ್ಯಾಟಿಕಲ್ ಮಂಥ್ಲಿ' 1894ರಿಂದ ಬರುತ್ತಿದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1996ರಿಂದ 'ರೆಸೊನೆನ್ಸ್' ತರುತ್ತಿದೆ. ಇಂಥ ಪತ್ರಿಕೆಯಲ್ಲಿ ಬರೆಯುವುದು ಸುಲಭ ಅಂತ ತಿಳಿಯಬೇಡಿ. ಅರ್ಥವಾಗದ ಹಾಗೆ ಬರೆಯುವುದಕ್ಕೆ ಡಿಗ್ರಿ ಸಾಕು. ಅರ್ಥವಾಗುವ ಹಾಗೆ ಬರೆಯುವಾಗ ಬೆವರು ಬರುತ್ತದೆ.

ವಿಷಯ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಗೋಲಗುಂಬಜ್ ಮನೆ ಬಾಗಿಲಲ್ಲೇ ಇದೆ. 44 ಮೀಟರ್ ಅಗಲದ ದುಂಡನೆಯ ಗುಮ್ಮಟ, ಕೆಳಗೆ ಚೌಕದ ಕಟ್ಟಡ, ನಡುವೆ ಒಂದು ಕಂಬವಿಲ್ಲ. ಚೌಕದ ಮೇಲೆ ದುಂಡನೆಯದು ಹೇಗೆ ಕೂತಿತು? ಒಂದು ಚೌಕದ ಮೇಲೆ ಅಷ್ಟೇ ದೊಡ್ಡ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಇಡಿ. ನಡುವೆ ಎಂಟು ಮೂಲೆಯ ಆಕೃತಿ ಸಿಗುತ್ತದೆ. ಅದು ಆಗಲೇ ಅರ್ಧ ದುಂಡಗಾಗಿದೆ. ಒಂದನ್ನೊಂದು ಹಾಯುವ ಎಂಟು ಕಮಾನುಗಳನ್ನು ಹೀಗೆ ಎಬ್ಬಿಸಿ ಅದರ ಮೇಲೆ ಗುಮ್ಮಟ ಕೂರಿಸಿದ್ದಾರೆ. 1656ರ ಹೊತ್ತಿಗೆ ಕಟ್ಟಿ ಮುಗಿಸಿದ್ದು. ಹತ್ತನೇ ತರಗತಿಯ ರೇಖಾಗಣಿತ ಸಾಕು. ನಮ್ಮ ಹುಡುಗರು ಅಲ್ಲಿಗೆ ಹೋಗಿ ಮೇಲೆ ಹತ್ತಿ 'ಹೋ' ಅಂತ ಕೂಗಿ ಇಳಿದು ಬರುತ್ತಾರೆ. ತಲೆ ಮೇಲೆತ್ತಿ ಆ ಕಮಾನು ನೋಡಲಿ ಅಂತ ಬರೆದೆ.

ಬರೆಯುವುದು ಮುಗಿಯಿತು. ಆಮೇಲೆ ಕಳಿಸುವುದು ಶುರುವಾಯಿತು.

ಪತ್ರಿಕೆಯವರು ಮೊದಲು ಓರ್ಕಿಡ್ ನಂಬರ್, ಅಂದರೆ ಲೇಖಕನ ಗುರುತಿನ ಸಂಖ್ಯೆ, ಕೇಳಿದರು. ಆಧಾರ್‌ಗೆ 12 ಅಂಕಿ, ಓರ್ಕಿಡ್‌ಗೆ 16. ಪೇಪರ್ ಬರೆಯುವವನಿಗೆ ಸಾಮಾನ್ಯ ಪ್ರಜೆಗಿಂತ 4 ಅಂಕಿ ಜಾಸ್ತಿ ಮರ್ಯಾದೆ. ಆಮೇಲೆ ವಿಷಯದ ಸಂಕೇತ. ಜಗತ್ತಿನ ಗಣಿತವನ್ನೆಲ್ಲ ತುಂಡು ತುಂಡು ಮಾಡಿ ನಂಬರ್ ಕೊಟ್ಟ ಒಂದು ಪಟ್ಟಿ ಇದೆ. ಅದರಲ್ಲಿ ಹುಡುಕಿದರೆ 00ಎ67 ಅಂತ ಸಿಕ್ಕಿತು: ಗಣಿತ ಮತ್ತು ವಾಸ್ತುಶಿಲ್ಪ. ಯಾರೋ ಪುಣ್ಯಾತ್ಮರು ನಮ್ಮ ಗುಮ್ಮಟಕ್ಕೂ ಒಂದು ಗೂಡು ಇಟ್ಟಿದ್ದಾರೆ. ಆಮೇಲೆ ಘೋಷಣೆಗಳು. ಈ ಕೆಲಸದಲ್ಲಿ ಪ್ರಾಣಿಗಳನ್ನು ಬಳಸಲಾಗಿದೆಯೇ? ಗುಮ್ಮಟದಲ್ಲಿ ಪಾರಿವಾಳಗಳಿದ್ದವು, ಆದರೆ ತಮ್ಮ ಇಚ್ಛೆಯಿಂದಲೇ ಇದ್ದವು. ದತ್ತಾಂಶ ಎಲ್ಲಿ ಸಿಗುತ್ತದೆ? ರೈಲ್ವೆ ಸ್ಟೇಷನ್ ಹತ್ತಿರ, ಟಿಕೆಟ್ ತೆಗೆಸಿ ಒಳಗೆ ಹೋದರೆ ಸಿಗುತ್ತದೆ.

ಇದನ್ನು ಬರೆಯುವ ಹಾಗಿಲ್ಲ. ಯಾಕೆಂದರೆ ಲೇಖಕ ಯಾರು ಅಂತ ಲೇಖನವನ್ನು ಓದಿ ತೂಗುವ ಪರೀಕ್ಷಕರಿಗೆ ಗೊತ್ತಾಗಬಾರದು, ಪರೀಕ್ಷಕರು ಯಾರು ಅಂತ ಲೇಖಕನಿಗೆ ಗೊತ್ತಾಗಬಾರದು. ನಿಯಮ ಒಳ್ಳೆಯದೇ. ಹೆಸರು ನೋಡಿ ಮಣೆ ಹಾಕುವುದು ತಪ್ಪುತ್ತದೆ. ಅದಕ್ಕೆ ಹೆಸರು ತೆಗೆದೆ, ಕಾಲೇಜು ತೆಗೆದೆ. 'ನಮ್ಮ ಊರಿನ' ಅನ್ನುವುದನ್ನೂ ತೆಗೆಯಿರಿ ಅಂದರು. ತೆಗೆದೆ. ಲೇಖಕರೇ ತೆಗೆದ ಫೋಟೋ ಅಂತ ಇರುವುದನ್ನು ತೆಗೆಯಿರಿ. ತೆಗೆದೆ. ಕೊನೆಗೆ ಉಳಿದದ್ದು, ಯಾವುದೋ ಊರಿನಲ್ಲಿ ಯಾರೋ ಒಬ್ಬರು ನೋಡಿದ ಒಂದು ದೊಡ್ಡ ಗುಮ್ಮಟ. ಅಲ್ಲಿ ಮಲಗಿರುವ ಸುಲ್ತಾನ ಮಹಮ್ಮದ್ ಆದಿಲ್ ಶಾನ ಗುರುತನ್ನು ಮುಚ್ಚಿಡಬೇಕಾ ಅಂತ ಕೇಳಬೇಕೆಂದಿದ್ದೆ. ಬಿಟ್ಟೆ.

ಗುರುತಿನ ಮಾತು ಬಂತಲ್ಲ, ಭಾಸ್ಕರಾಚಾರ್ಯರ ನೆನಪಾಗುತ್ತದೆ. ಲೇಖಕನ ವಿಳಾಸದ ಕಾಲಂ ಸರಿಯಾಗಿ ತುಂಬದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅವರೇ ಸಾಕ್ಷಿ. ಹುಟ್ಟಿದ್ದು ಯಾವಾಗ, ಗ್ರಂಥ ಬರೆದಾಗ ವಯಸ್ಸೆಷ್ಟು ಅಂತ ಸ್ವತಃ ಬರೆದಿಟ್ಟಿದ್ದಾರೆ. 1114ರಲ್ಲಿ ಹುಟ್ಟು, 36ನೇ ವಯಸ್ಸಿಗೆ, ಅಂದರೆ 1150ರಲ್ಲಿ ಗ್ರಂಥ. ಊರು ಮಾತ್ರ ಸಹ್ಯಾದ್ರಿಯ ಆಸರೆಯ ವಿಜ್ಜಡವಿಡ ಅಂತ ಹೇಳಿ ಬಿಟ್ಟರು. ಪಿನ್‌ಕೋಡ್ ಇಲ್ಲ, ಜಿಲ್ಲೆ ಇಲ್ಲ. ಅದು ನಮ್ಮ ವಿಜಯಪುರವೇ ಅಂತ ನಾವು, ಅಲ್ಲ ನಮ್ಮ ಕಡೆಯ ಊರು ಅಂತ ಮಹಾರಾಷ್ಟ್ರದವರು. ಇವತ್ತಿಗೂ ತೀರಿಲ್ಲ.

ಅವರ ಲೀಲಾವತಿಯಲ್ಲಿ ದುಂಬಿಗಳ ಲೆಕ್ಕ ಇದೆ. ಹಿಂಡಿನ ಐದನೇ ಒಂದು ಪಾಲು ಕದಂಬದ ಹೂವಿಗೆ ಹೋಯಿತು, ಮೂರನೇ ಒಂದು ಪಾಲು ಶಿಲೀಂಧ್ರದ ಹೂವಿಗೆ, ಈ ಎರಡರ ವ್ಯತ್ಯಾಸದ ಮೂರು ಪಟ್ಟು ಕುಟಜಕ್ಕೆ. ಒಂದು ದುಂಬಿ ಕೇದಗೆಯ ವಾಸನೆಗೂ ಮಲ್ಲಿಗೆಯ ವಾಸನೆಗೂ ಸಿಕ್ಕು ಗಾಳಿಯಲ್ಲೇ ಸುತ್ತುತ್ತಿದೆ. ಒಟ್ಟು ಎಷ್ಟು? ಉತ್ತರ 15. ಭಿನ್ನರಾಶಿ ಕಲಿಸುವುದಕ್ಕೆ ಇಷ್ಟು ಚೆಂದದ ದಾರಿ ಇನ್ನೊಂದು ಇಲ್ಲ. ಈಗ ಕಳಿಸಿದ್ದರೆ ಪರೀಕ್ಷಕರ ಪತ್ರ ಹೀಗೆ ಬರುತ್ತಿತ್ತು: ಫಲಿತಾಂಶ ಹೊಸದಲ್ಲ. ದುಂಬಿಗಳ ಸಂಖ್ಯೆ ಬಹಳ ಚಿಕ್ಕದು. ಕೊನೆಯ ದುಂಬಿಯ ವರ್ತನೆಗೆ ವಿವರಣೆ ಕೊಟ್ಟಿಲ್ಲ. ಲೇಖಕರು ನಡುನಡುವೆ ಓದುವವಳನ್ನು 'ಜಿಂಕೆಗಣ್ಣಿನವಳೇ' ಅಂತ ಕರೆಯುತ್ತಾರೆ, ಆಂತರಿಕ ದೂರು ಸಮಿತಿಗೆ ಕಳಿಸಿದೆ.

ಇನ್ನು ಟೈಪ್ ಮಾಡಿಸುವುದು. ಗಣಿತದ ಪತ್ರಿಕೆಗಳಿಗೆ ಲೇಟೆಕ್ ಬೇಕು, ಅಂದರೆ ಸಮೀಕರಣಗಳನ್ನು ಅಂದವಾಗಿ ಅಚ್ಚಿಗೆ ಜೋಡಿಸುವ ತಂತ್ರಾಂಶ. ಇದರ ಹಿಂದೆ ಒಬ್ಬ ಮನುಷ್ಯನ ಸಿಟ್ಟಿನ ಕಥೆ ಇದೆ. ಡೊನಾಲ್ಡ್ ಕನುತ್ ಎಂಬಾತ ತನ್ನ ಪುಸ್ತಕದ ಅಚ್ಚಿನ ಕರಡು ನೋಡಿ, ಇಷ್ಟು ಕೆಟ್ಟದಾಗಿ ಅಚ್ಚಾಗುವುದಾದರೆ ಬೇಡವೇ ಬೇಡ ಅಂತ ಬರೆಯುವುದನ್ನೇ ನಿಲ್ಲಿಸಿ, 1970ರ ದಶಕದ ಕೊನೆಯಲ್ಲಿ ಟೆಕ್ ಎಂಬ ತಂತ್ರಾಂಶವನ್ನೇ ಬರೆದ. ಅದರ ಆವೃತ್ತಿಯ ನಂಬರ್ 3.14, 3.141 ಅಂತ ಪೈ ಕಡೆಗೆ ಹೋಗುತ್ತಲೇ ಇದೆ. ತನ್ನ ಪುಸ್ತಕದಲ್ಲಿ ತಪ್ಪು ಹಿಡಿದುಕೊಟ್ಟವರಿಗೆ 2.56 ಡಾಲರ್ ಕೊಡುವ ಪದ್ಧತಿಯನ್ನೂ ಇಟ್ಟುಕೊಂಡ. ನಮ್ಮಲ್ಲಿ ಸುತ್ತೋಲೆಯ ತಪ್ಪು ಹಿಡಿದುಕೊಟ್ಟವರಿಗೆ ಮೆಮೊ ಕೊಡುತ್ತಾರೆ. ಲೇಟೆಕ್ ಬಂದದ್ದು ಆ ಟೆಕ್ ಮೇಲೆ.

ನಮ್ಮ ಗಾಂಧಿ ಚೌಕದ ಆಸುಪಾಸಿನ ಡಿಟಿಪಿ ಅಂಗಡಿಗಳಿಗೆ ಲೇಟೆಕ್ ಬರುವುದಿಲ್ಲ. ನಾನು ಕೈಯಲ್ಲಿ ಬರೆದ ಸಮೀಕರಣ ನೋಡಿ ಅಂಗಡಿಯ ಹುಡುಗ, "ಇದನ್ನ ಯಾಕ್ ಟೈಪ್ ಮಾಡ್ತೀರಿ ಸರ್ರ? ಫೋಟೋ ಹೊಡದು ಹಚ್ಚಿಬಿಡೂಣ್ರಿ" ಅಂದ. ಆಮೇಲೆ ದನಿ ಇಳಿಸಿ, "ಎಲ್ಲಿಗೆ ಕಳಸ್ತೀರಿ?" ಅಂತ ಕೇಳಿದ. ಹೇಳಿದೆ. ಎಷ್ಟು ದಿನ ಹಿಡಿಯುತ್ತದೆ? ತಿಂಗಳುಗಟ್ಟಲೆ ಆಗಬಹುದು, ವಾಪಸ್ಸೂ ಬರಬಹುದು ಅಂದೆ. ನನ್ನನ್ನು ಕರುಣೆಯಿಂದ ನೋಡಿದ. "ನಮ್ಮ ಕಡೆ ಒಂದ್ ಐತ್ರಿ. ಇಂಟರ್‌ನ್ಯಾಷನಲ್ ಜರ್ನಲ್. ಇವತ್ತ ಕೊಟ್ರ ನಾಡದ ಬರತೈತ್ರಿ. ಸರ್ಟಿಫಿಕೇಟ್ ಸೈತ ಕೊಡ್ತಾರ, ಬಂಗಾರದ ಬಾರ್ಡರಿಂದು. ಫ್ರೇಮ್ ನಾವ ಹಾಕಿ ಕೊಡ್ತೀವಿ."

ಆ ಜರ್ನಲ್‌ಗಳ ಪರಿಚಯ ನಿಮಗೂ ಇದೆ ಅಲ್ವಾ? 'ಗ್ರೀಟಿಂಗ್ಸ್ ಆಫ್ ದ ಡೇ' ಅಂತ ಶುರುವಾಗುವ ಇಮೇಲ್. ಗಣಿತದವನಿಗೆ ಹೃದ್ರೋಗದ ವಿಶೇಷ ಸಂಚಿಕೆಗೆ ಆಹ್ವಾನ. 2012ರಲ್ಲಿ ಮ್ಯಾಥ್‌ಜೆನ್ ಎಂಬ ತಂತ್ರಾಂಶ ಬಂತು. ಬಟನ್ ಒತ್ತಿದರೆ ಅರ್ಥವೇ ಇಲ್ಲದ ಗಣಿತದ ಪೇಪರ್ ಹೊರಗೆ ಬರುತ್ತದೆ. ಪ್ರಮೇಯ, ಸಾಧನೆ, ಗ್ರಂಥಋಣ ಎಲ್ಲ ಇರುತ್ತದೆ. ಅಂಥದ್ದೊಂದನ್ನು ಒಂದು ಪತ್ರಿಕೆ, ಸಣ್ಣಪುಟ್ಟ ತಿದ್ದುಪಡಿ ಮಾಡಿ ಅಂತ ಹೇಳಿ ಒಪ್ಪಿಕೊಂಡಿತು. ತಿದ್ದುಪಡಿ ಕೇಳಿದರಲ್ಲ, ಅದು ನನಗೆ ಬಹಳ ಇಷ್ಟ.

ನಾನು ಕಳಿಸುವ ಮೊದಲು ನಮ್ಮಲ್ಲೇ ನಕಲು ತಪಾಸಣೆ ಆಗಬೇಕಿತ್ತು. 2018ರ ಯುಜಿಸಿ ನಿಯಮದ ಪ್ರಕಾರ ಹೋಲಿಕೆ ಶೇಕಡಾ 10 ದಾಟಬಾರದು. ಕಾಲೇಜಿನ ತಪಾಸಣೆಯವರು ಯಂತ್ರಕ್ಕೆ ಕೊಟ್ಟರು. ಲಂಬಕೋನ ತ್ರಿಭುಜದ ಬಗ್ಗೆ ಬರೆದ ಸಾಲಿಗೆಲ್ಲ ಕೆಂಪು ಬಣ್ಣ. ಪೈಥಾಗೊರಸ್‌ನಿಂದ ಕದ್ದಿದ್ದೇನಂತೆ. ಸೂತ್ರ, ಚಿಹ್ನೆ, ಎಲ್ಲರೂ ಬಳಸುವ ಸಮೀಕರಣಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಅದೇ ನಿಯಮದಲ್ಲಿ ಬರೆದಿದೆ. ತೋರಿಸಿದೆ. "ಅದು ಖರೆ ಐತ್ರಿ ಸರ್ರ, ಆದ್ರ ರಿಪೋರ್ಟ್‌ನಾಗ ಕೆಂಪ್ ಬಂದೈತಲ್ಲ. ಒಂದೀಟು ಬ್ಯಾರೆ ರೀತಿ ಬರೀರಿ" ಅಂದರು. ಪೈಥಾಗೊರಸ್‌ನ ಪ್ರಮೇಯವನ್ನು ಬೇರೆ ರೀತಿ ಬರೆದರೆ ಅದು ತಪ್ಪಾಗುತ್ತದೆ. ತಪ್ಪಾದರೆ ಹೋಲಿಕೆ ಇಳಿಯುತ್ತದೆ. ಪಾಸ್.

ಇಷ್ಟಾದ ಮೇಲೆ ಕಾಲೇಜಿನ ಸಮಿತಿ ಕೂತಿತು. ಸಮಿತಿಯಲ್ಲಿ ವಾಣಿಜ್ಯದವರೊಬ್ಬರು, ದೈಹಿಕ ಶಿಕ್ಷಣದವರೊಬ್ಬರು, ಗ್ರಂಥಪಾಲಕರು. ಇದರಲ್ಲಿ ಹೊಸದೇನಿದೆ ಅಂತ ಕೇಳಿದರು. ಹೊಸದಿಲ್ಲ, ಇರುವುದನ್ನು ತಿಳಿಸಿ ಹೇಳಿದ್ದೇನೆ ಅಂದೆ. ಹಾಗಾದರೆ ಇದು ಸಂಶೋಧನೆ ಅಲ್ಲ, ಜನಪ್ರಿಯ ಲೇಖನ. ಜನಪ್ರಿಯ ಲೇಖನಕ್ಕೆ ಅಂಕ ಸೊನ್ನೆ.

ಇಲ್ಲಿ ನಗುವುದಕ್ಕೆ ನನಗೆ ಆಗುವುದಿಲ್ಲ, ಕ್ಷಮಿಸಿ. ಸಿಂದಗಿಯಿಂದಲೋ ಮುದ್ದೇಬಿಹಾಳದಿಂದಲೋ ಬೆಳಿಗ್ಗೆ ಬಸ್ಸು ಹಿಡಿದು ಬರುವ ಹುಡುಗಿ ಗಣಿತ ಅಂದರೆ ನಡುಗುತ್ತಾಳೆ. ಅವಳಿಗೆ ಒಂದು ವಿಷಯ ತಿಳಿಯುವ ಹಾಗೆ ಬರೆದರೆ ಸೊನ್ನೆ. ಬರೆದವನಿಗೂ ಓದುವವನಿಗೂ ತಿಳಿಯದ್ದನ್ನು ದುಡ್ಡು ಕೊಟ್ಟು ಅಚ್ಚು ಹಾಕಿಸಿದರೆ ಅಂಕ, ಬಡ್ತಿ, ಶಾಲು. ರಜೆಯ ತಿಂಗಳಲ್ಲಿ ಸಂಬಳ ಕಾಣದ ಅತಿಥಿ ಉಪನ್ಯಾಸಕರು ಸಾಲ ಮಾಡಿ ಆ ದುಡ್ಡು ಕಟ್ಟುತ್ತಾರೆ. ಅವರನ್ನು ಕಳ್ಳರು ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಮುಂದಿನ ವರ್ಷ ಕೆಲಸ ಉಳಿಯಲಿ ಅಂತ ಕಟ್ಟುತ್ತಾರೆ. ಈ ಲೆಕ್ಕ ಹಾಕಿದವರು ಒಮ್ಮೆಯಾದರೂ ಒಂದು ಕ್ಲಾಸ್‌ರೂಮಿನ ಕೊನೆಯ ಬೆಂಚಿನಲ್ಲಿ ಕೂತು ನೋಡಿದ್ದಾರಾ?

ಇರಲಿ. ಲೆಕ್ಕ ಅಂದೆನಲ್ಲ, ಆ ಲೆಕ್ಕವನ್ನೂ ನೋಡಿಬಿಡಿ. ಯುಜಿಸಿಯ 2018ರ ಕೋಷ್ಟಕದಲ್ಲಿ ವಿಜ್ಞಾನದ ಒಂದು ಪೇಪರ್‌ಗೆ 8 ಅಂಕ. ಇಬ್ಬರು ಸೇರಿ ಬರೆದರೆ ಒಬ್ಬೊಬ್ಬರಿಗೂ ಶೇಕಡಾ 70. ನಾನು ಗಣಿತದವನು, ಎರಡು ಸಲ ಕೂಡಿದೆ. 140 ಬಂತು. ಇಬ್ಬರಿಗಿಂತ ಜಾಸ್ತಿ ಇದ್ದರೆ ಮುಖ್ಯ ಲೇಖಕನಿಗೆ 70, ಉಳಿದವರಿಗೆ ತಲಾ 30. ಹತ್ತು ಜನ ಸೇರಿದರೆ 70ಕ್ಕೆ 270 ಕೂಡಿ 340. ಒಬ್ಬನೇ ಕೂತು ಬರೆದರೆ ದೇಶಕ್ಕೆ 8 ಅಂಕದ ಜ್ಞಾನ. ಹತ್ತು ಜನ ಹೆಸರು ಹಾಕಿದರೆ ಅದೇ ಪೇಪರ್‌ನಿಂದ 27.2.

ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಅಂತ ಒಬ್ಬ ಗಣಿತಜ್ಞ ಇದ್ದ. ಒಂದನ್ನು ಎಷ್ಟು ಪಾಲು ಬೇಕಾದರೂ ಮಾಡಿ, ಪ್ರತಿ ಪಾಲಿನ ಅಂಶವೂ 1 ಇರುವ ಹಾಗೆ, ಕೂಡಿದರೆ ಮತ್ತೆ ಸರಿಯಾಗಿ ಒಂದೇ ಬರುವ ಹಾಗೆ ಸೂತ್ರ ಕೊಟ್ಟ. ನಾಲ್ಕು ಪಾಲು ಬೇಕಾ? ಅರ್ಧ, ಮೂರನೇ ಒಂದು, ಒಂಬತ್ತನೇ ಒಂದು, ಹದಿನೆಂಟನೇ ಒಂದು. ಕೂಡಿ ನೋಡಿ, ಒಂದು ಕೂದಲೂ ಹೆಚ್ಚುಕಡಿಮೆ ಆಗುವುದಿಲ್ಲ. ಒಂಬತ್ತನೇ ಶತಮಾನದ ಮನುಷ್ಯ, ಪಾಪ. ಹೆಚ್ಚು ಪಾಲು ಮಾಡಿದಷ್ಟೂ ರೊಟ್ಟಿ ದೊಡ್ಡದಾಗುತ್ತದೆ ಅಂತ ಅವನಿಗೆ ತಿಳಿಯಲಿಲ್ಲ.

ಮುಖ್ಯ ಲೇಖಕ ಅಂದರೆ ಮೊದಲ ಹೆಸರಿನವನು ಅಂತಲೂ ಹಿಡಿಯುತ್ತಾರೆ. ಗಣಿತದಲ್ಲಿ ಹೆಸರುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಹಾಕುವುದು ರೂಢಿ. ಮಗುವಿಗೆ ಹೆಸರಿಡುವಾಗಲೇ ತಂದೆ ತಾಯಿ ಯೋಚನೆ ಮಾಡಬೇಕು.

ಈ ಕೂಡುವ ಲೆಕ್ಕವನ್ನು ನಾನು ಸ್ಟಾಫ್ ರೂಮಿನಲ್ಲಿ ತಮಾಷೆಗೆ ಹೇಳಿದೆ. ಯಾರೂ ನಗಲಿಲ್ಲ. ಎಲ್ಲರೂ ಕ್ಯಾಲ್ಕುಲೇಟರ್ ತೆಗೆದರು. ಸಂಜೆ ವಾಣಿಜ್ಯದವರು ಹತ್ತಿರ ಬಂದರು. "ಸರ್ರ, ಆ ಗುಮ್ಮಟದ ಪೇಪರ್‌ನ್ಯಾಗ ನಂದೂ ಒಂದ್ ಹೆಸರ ಹಾಕ್ರಿ. ಸಮಿತಿಗೆ ನಾ ಹೇಳ್ತೀನಿ, ಸಂಶೋಧನೆ ಅಂತ ಬರಕೊಳ್ಳೂಣು."

ನೀವು ಅದರಲ್ಲಿ ಏನು ಮಾಡಿದ್ದೀರಿ ಅಂತ ಬರೆಯಬೇಕಾಗುತ್ತದೆ, ಪ್ರತಿ ಲೇಖಕನ ಪಾಲು ಏನು ಅಂತ ಕಾಲಂ ಇದೆ ಅಂದೆ.

"ಅಷ್ಟ್ ದೊಡ್ಡ ಗುಮ್ಮಟ ಕಟ್ಟಾಕ ರೊಕ್ಕ ಹತ್ತಿರಬೇಕಲ್ರಿ? ಆ ಖರ್ಚಿನ ಬಾಬತ್ತು ನಂದು."

ಹಿಂದೆ ನಿಂತಿದ್ದ ದೈಹಿಕ ಶಿಕ್ಷಣದವರು ಕೆಮ್ಮಿದರು. "ಮ್ಯಾಲ ಹೋಗಾಕ ಮೆಟ್ಟಲಾ ಹತ್ತಬೇಕಲ್ರಿ ಸರ್ರ?"